ಟರ್ಬೊ ಕಾರಿಗೆ ದಪ್ಪ ಎಕ್ಸಾಸ್ಟ್ ಪೈಪ್: ಬಳ್ಳಾರಿ ಬಿಸಿಲಿನಲ್ಲಿ ಇದಕ್ಕೆ ಹಣ ಹಾಕಬಹುದೇ?

ಕೌಲ್ ಬಜಾರ್ 230

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230. ಎರಡು ಲೀಟರ್ ಟಿಎಸ್‌ಐ ಎಂಜಿನ್ (ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಗಾಳಿ ಒತ್ತುವ ಟರ್ಬೊ ಇರುವಂಥದ್ದು), 230 ಪಿಎಸ್, 350 ನ್ಯೂಟನ್ ಮೀಟರ್, ಆರು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಕಳೆದ ದೀಪಾವಳಿಯ ಹೊತ್ತಿಗೆ ಬೆಂಗಳೂರಿನಲ್ಲಿ ಕೈಬದಲಾವಣೆಯಾಗಿ ನನಗೆ ಬಂತು. ಈಗ ಮೀಟರ್ 61,000 ಕಿಲೋಮೀಟರ್ ತೋರಿಸುತ್ತಿದೆ. ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಘಟಕ. ವಸೂಲಿಗೆಂದು ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿಬರುತ್ತೇನೆ. ಹದಿನೈದು ವರ್ಷ ಹೊಲಿಗೆ ಯಂತ್ರಗಳ ಸದ್ದಿನಲ್ಲಿ ಕುಳಿತು ಕೂಡಿಟ್ಟ ಹಣದಲ್ಲಿ ಕೊಂಡ ಕಾರು. ಇದರ ಮೇಲೆ ನನಗಿರುವ ಆಸೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾರ್ಚ್ ಕಳೆದ ಮೇಲೆ ಗಾಡಿಯ ಪಿಕಪ್ ಸ್ವಲ್ಪ ಮಂಕಾಗಿದೆ. ಬೆಳಗಿನ ಆರು ಗಂಟೆಗೆ ಹೊರಟರೆ ಎಳೆತ ಚೆನ್ನಾಗಿದೆ. ಮಧ್ಯಾಹ್ನ ವಾಪಸು ಬರುವಾಗ ಅದೇ ಕಾರು ಉಸಿರು ಕಟ್ಟಿದಂತೆ ಆಡುತ್ತದೆ. ಒಂದು ವರ್ಕ್‌ಶಾಪಿನವರು ನೋಡಿ, ‘ಕಂಪನಿಯ ಎಕ್ಸಾಸ್ಟ್ ಟರ್ಬೊದ ಕತ್ತು ಹಿಸುಕುತ್ತಿದೆ, ಹೆಡರ್‌ನಿಂದ (ಎಂಜಿನ್‌ನಿಂದ ಹೊಗೆ ಹೊರಬರುವ ಮೊದಲ ಪೈಪ್‌ಗಳು) ಹಿಂದಿನ ತುದಿಯವರೆಗೆ ಮೂರು ಇಂಚಿನ ಪೈಪ್ ಹಾಕೋಣ, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ತೆಗೆಯೋಣ, 40 ಎಚ್‌ಪಿ ಖಂಡಿತ’ ಎಂದರು. ಒಂದೂಮುಕ್ಕಾಲು ಲಕ್ಷ ಕೇಳಿದರು. ಇನ್ನೊಬ್ಬ ಪರಿಚಿತರು ‘ಎಂಜಿನ್‌ಗೆ ಬ್ಯಾಕ್ ಪ್ರೆಷರ್ (ಹೊಗೆಗೆ ಪೈಪ್ ಒಡ್ಡುವ ಎದುರೊತ್ತಡ) ಬೇಕೇ ಬೇಕು, ಪೈಪ್ ದಪ್ಪ ಮಾಡಿದರೆ ಟಾರ್ಕ್ ಹೋಗುತ್ತದೆ’ ಎನ್ನುತ್ತಾರೆ. ಇಬ್ಬರಲ್ಲಿ ಯಾರ ಮಾತು ನಿಜ? ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್ ಮಾಡಿಸದೆ, ಅಂದರೆ ಅದರ ಪ್ರೋಗ್ರಾಂ ಬದಲಿಸದೆ, ಬರೀ ಪೈಪ್ ಬದಲಿಸಿದರೆ ಪ್ರಯೋಜನ ಇದೆಯೇ? ಬಳಸಿದವರು ದಯವಿಟ್ಟು ಬರೆಯಿರಿ.

ಹೊಸಪೇಟೆ ಸವಾರ

ನನ್ನ ಅನುಭವ ಪೋಲೊ ಜಿಟಿ ಟಿಎಸ್‌ಐ ಕಾರಿನದು, 1.2 ಲೀಟರ್. ಕ್ಯಾಟ್‌ನಿಂದ ಹಿಂದಿನ ಭಾಗವನ್ನು ಮಾತ್ರ ಬದಲಿಸಿದ್ದೆ. ಮೊದಲ ವಾರ ಹೊಸಪೇಟೆ ಸುರಂಗದಲ್ಲಿ ಕಿಟಕಿ ಇಳಿಸಿ ಹೋಗುವುದೇ ಒಂದು ಸಂಭ್ರಮವಾಗಿತ್ತು. ಆಮೇಲೆ ಅಮ್ಮನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದೆ. ಎಂಜಿನ್ ನಿಮಿಷಕ್ಕೆ 2,400 ಸುತ್ತು ತಿರುಗುವಾಗ ಕಾರಿನೊಳಗೆ ಎದೆಗೆ ಬಡಿಯುವಂಥ ಗುಂಯ್ ಸದ್ದು, ಅದೂ ಹೆದ್ದಾರಿಯಲ್ಲಿ ಗಾಡಿ ಸದಾ ಓಡುವ ಸುತ್ತಿನಲ್ಲೇ. ಕೊಪ್ಪಳ ದಾಟುವಷ್ಟರಲ್ಲಿ ಅಮ್ಮ ಎರಡೂ ಕಿವಿಗೆ ಸೆರಗು ಒತ್ತಿಕೊಂಡು ಕುಳಿತಿದ್ದರು. ಮರುವಾರ ಹಳೆಯ ಸೈಲೆನ್ಸರ್ ವಾಪಸು ಹಾಕಿಸಿದೆ. ಶಕ್ತಿಯಲ್ಲಿ ನನಗೆ ಗೊತ್ತಾಗುವಂಥ ವ್ಯತ್ಯಾಸ ಏನೂ ಇರಲಿಲ್ಲ.

ಕುಡತಿನಿ ಟರ್ಬೈನ್

ಕೌಲ್ ಬಜಾರಿನವರೇ, ಹಣ ಕೊಡುವ ಮೊದಲು ಇದನ್ನು ಪೂರ್ತಿ ಓದಿ. ನಾನು ಕುಡತಿನಿಯ ಶಾಖೋತ್ಪನ್ನ ಕೇಂದ್ರದಲ್ಲಿ ಟರ್ಬೈನ್ ವಿಭಾಗದಲ್ಲಿ ಕೆಲಸ ಮಾಡಿದವನು. ನಿಮ್ಮ ಕಾರಿನ ಅಂಗೈಯಗಲದ ಟರ್ಬೈನ್‌ಗೂ ನಮ್ಮ 500 ಮೆಗಾವ್ಯಾಟ್ ಯಂತ್ರಕ್ಕೂ ನಿಯಮ ಒಂದೇ. ಟರ್ಬೈನ್ ತಿರುಗುವುದು ಅದರ ಮುಂದಿನ ಒತ್ತಡಕ್ಕೂ ಹಿಂದಿನ ಒತ್ತಡಕ್ಕೂ ಇರುವ ಅಂತರದಿಂದ. ನಾವು ಉಗಿಯನ್ನು ನೀರಾಗಿಸುವ ಕಂಡೆನ್ಸರ್‌ನಲ್ಲಿ ಒತ್ತಡವನ್ನು ವಾತಾವರಣದ ಹತ್ತನೇ ಒಂದು ಭಾಗಕ್ಕೆ ಇಳಿಸಲು ಹಗಲಿರುಳು ಹೆಣಗುವುದು ಅದಕ್ಕೇ. ಮೇ ತಿಂಗಳಲ್ಲಿ ತಂಪುಗೊಳಿಸುವ ನೀರು ಬಿಸಿಯಾಗಿ ಆ ನಿರ್ವಾತ ಕುಸಿದರೆ, ಅಷ್ಟೇ ಉಗಿಗೆ ಕಡಿಮೆ ಮೆಗಾವ್ಯಾಟ್ ಸಿಗುತ್ತದೆ. ಹಾಗಾಗಿ ‘ಬ್ಯಾಕ್ ಪ್ರೆಷರ್ ಬೇಕು’ ಎಂಬ ಮಾತು ಟರ್ಬೊ ಕಾರಿನ ಮಟ್ಟಿಗೆ ತಪ್ಪು. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಪೈಪ್ ವಿಪರೀತ ದಪ್ಪವಾದರೆ ಹೊಗೆಯ ವೇಗ ತಗ್ಗಿ ಕೆಳಸುತ್ತಿನ ಟಾರ್ಕ್ ಹೋಗುವುದುಂಟು. ಆ ಮಾತು ಅಲ್ಲಿಂದ ಬಂದು ಇಲ್ಲಿಗೂ ಅಂಟಿಕೊಂಡಿದೆ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಟರ್ಬೈನ್‌ಗೆ ಮುಂಚೆ 2.2 ಬಾರ್, ದಾಟಿದ ಮೇಲೆ 1.3 ಬಾರ್ ಇದೆ ಎಂದುಕೊಳ್ಳಿ. ಟರ್ಬೈನ್‌ಗೆ ಮುಖ್ಯವಾದುದು ಎರಡರ ಅನುಪಾತ, ಅದು ಸುಮಾರು 1.69. ಹಿಂದಿನ ಒತ್ತಡವನ್ನು 1.15ಕ್ಕೆ ಇಳಿಸಿದರೆ, ಅದೇ ಅನುಪಾತ ಸಿಗಲು ಮುಂದೆ 1.95 ಬಾರ್ ಸಾಕು. ಹಿಂದೆ ತಗ್ಗಿಸಿದ್ದು 0.15, ಪಿಸ್ಟನ್‌ಗಳಿಗೆ ಉಳಿದದ್ದು 0.25. ಹೊಗೆಯನ್ನು ಹೊರದಬ್ಬುವ ಶ್ರಮ ಕಡಿಮೆಯಾಗುತ್ತದೆ, ಸಿಲಿಂಡರ್‌ನಲ್ಲಿ ಉಳಿಯುವ ಬಿಸಿ ಹೊಗೆ ಕಡಿಮೆಯಾಗುತ್ತದೆ, ಬೂಸ್ಟ್ (ಟರ್ಬೊ ಒತ್ತಿ ಕೊಡುವ ಗಾಳಿಯ ಒತ್ತಡ) ಕೊಂಚ ಬೇಗ ಏರುತ್ತದೆ. ಈ ಲಾಭದ ಬಹುಪಾಲು ಇರುವುದು ಟರ್ಬೊದ ಬಾಯಿಗೆ ಅಂಟಿಕೊಂಡಿರುವ ಡೌನ್‌ಪೈಪ್ ಮತ್ತು ಕ್ಯಾಟ್‌ನಲ್ಲಿ. ಅಲ್ಲಿ ಅನಿಲ ಅತಿ ಬಿಸಿ, ಅತಿ ಹಿಗ್ಗಿದ ಸ್ಥಿತಿಯಲ್ಲಿರುತ್ತದೆ, ಪೈಪ್ ಬಾಗುವುದೂ ಅಲ್ಲೇ. ಹಿಂದಿನ ಸೈಲೆನ್ಸರ್ ತಲುಪುವಾಗ ಅದು ತಣ್ಣಗಾಗಿ ಕುಗ್ಗಿರುತ್ತದೆ. ಹೊಸಪೇಟೆಯವರಿಗೆ ಸದ್ದು ಬಿಟ್ಟು ಬೇರೇನೂ ಸಿಗದಿದ್ದುದು ಇದೇ ಕಾರಣಕ್ಕೆ.

ಇನ್ನು 40 ಎಚ್‌ಪಿ ಮಾತು. ನಿಮ್ಮ ಇಸಿಯು ಟಾರ್ಕ್ ಲೆಕ್ಕದಲ್ಲಿ ಯೋಚಿಸುತ್ತದೆ. ಇಷ್ಟು ಸುತ್ತಿಗೆ ಇಷ್ಟು ಬೂಸ್ಟ್ ಎಂಬ ಗುರಿ ಅದರೊಳಗೇ ಇದೆ. ಪೈಪ್ ಸಡಿಲ ಮಾಡಿದರೆ ಅದು ವೇಸ್ಟ್‌ಗೇಟನ್ನು (ಹೊಗೆಯನ್ನು ಟರ್ಬೈನ್‌ಗೆ ತಾಗದಂತೆ ಬದಿಗೆ ಬಿಡುವ ಕಿಂಡಿ) ಇನ್ನಷ್ಟು ತೆರೆದು ಅದೇ ಗುರಿಯಲ್ಲಿ ನಿಲ್ಲುತ್ತದೆ. ರೀಮ್ಯಾಪ್ ಇಲ್ಲದೆ ಸಿಗುವುದು ತುಸು ಚುರುಕು, ಅಷ್ಟೇ. ವೇಸ್ಟ್‌ಗೇಟ್ ಪೂರ್ತಿ ತೆರೆದರೂ ಹೊಗೆಯನ್ನು ಬೇಕಾದಷ್ಟು ಬದಿಗೆ ಬಿಡಲಾಗದಿದ್ದರೆ ಸುತ್ತು ಏರಿದಂತೆ ಬೂಸ್ಟ್ ತಾನಾಗಿ ಏರುತ್ತದೆ. ಅದಕ್ಕೆ ಬೂಸ್ಟ್ ಕ್ರೀಪ್ ಎನ್ನುತ್ತಾರೆ. ಆಗ ಇಸಿಯು ಹೆದರಿ ಗಾಡಿಯನ್ನು ಶಕ್ತಿ ತಗ್ಗಿಸಿ ಕುಂಟುವ ಲಿಂಪ್ ಮೋಡ್‌ಗೆ ತಳ್ಳಬಹುದು.

‘ಹೆಡರ್‌ನಿಂದ’ ಎಂಬ ಮಾತು ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ನಿಮ್ಮ ಎಂಜಿನ್ ಇಎ888 ಮೂರನೆಯ ಪೀಳಿಗೆಯದು. ಅದರಲ್ಲಿ ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್‌ನೊಳಗೇ ಎರಕವಾಗಿದೆ, ಸುತ್ತ ಕೂಲೆಂಟ್ ಹರಿಯುತ್ತದೆ, ಟರ್ಬೊ ನೇರವಾಗಿ ಹೆಡ್‌ಗೇ ಬೋಲ್ಟ್ ಆಗುತ್ತದೆ. ಬದಲಿಸಲು ಅಲ್ಲಿ ಹೆಡರ್ ಎಂಬ ವಸ್ತುವೇ ಇಲ್ಲ. ಈ ಎಂಜಿನ್ ಗೊತ್ತಿಲ್ಲದ ಕೈಗೆ ಕಾರು ಕೊಡಬೇಡಿ.

ಕ್ಯಾಟ್ ತೆಗೆಯುವ ವಿಚಾರದಲ್ಲಿ ನನ್ನ ಸ್ವಂತ ತಪ್ಪನ್ನೇ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ನಾನೂ ನನ್ನ ಟರ್ಬೊ ಕಾರಿನ ಕ್ಯಾಟ್ ತೆಗೆಸಿದ್ದೆ. ಎರಡನೆಯ ಆಕ್ಸಿಜನ್ ಸೆನ್ಸರ್ ಎರಡೇ ದಿನದಲ್ಲಿ ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಪಿ0420 ದೋಷ ತೋರಿಸಿತು. ದೀಪ ಆರಿಸಲು ಸೆನ್ಸರ್‌ಗೆ ಒಂದು ತುಂಡು ಪೈಪ್ ಸಿಕ್ಕಿಸಿದರು. ಒಂದು ಸಂಜೆ ಹಿಂದಿನ ಸೀಟಿನಲ್ಲಿದ್ದ ಮಗಳು ‘ಅಪ್ಪಾ, ತಲೆ ನೋಯುತ್ತಿದೆ’ ಎಂದಳು. ಗಾಡಿ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದೆ. ಡೌನ್‌ಪೈಪ್‌ನ ಫ್ಲ್ಯಾಂಜ್ ಕೂಡುವಲ್ಲಿ ಉಗುರಿನಷ್ಟು ಉದ್ದದ ಕಪ್ಪು ಮಸಿಯ ಗೆರೆ, ಅದರ ಸುತ್ತ ಸಂಡೂರಿನ ಕೆಂಪು ದೂಳು ಸುಟ್ಟು ಕಂದು ಹಪ್ಪಳದಂತೆ ಅಂಟಿತ್ತು. ಹೊಗೆ ಅಲ್ಲಿಂದ ಸೋರುತ್ತಿತ್ತು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದನ್ನು ಸುಡುವ ಕ್ಯಾಟನ್ನು ನಾನೇ ದುಡ್ಡು ಕೊಟ್ಟು ತೆಗೆಸಿದ್ದೆ. ಮರುದಿನವೇ ಹಳೆಯದನ್ನು ಹಾಕಿಸಿದೆ. ಡೌನ್‌ಪೈಪ್ ಬೇಕೇ ಬೇಕೆಂದರೆ 200 ಸೆಲ್‌ನ (ಚದರ ಇಂಚಿಗೆ 200 ರಂಧ್ರಗಳ) ಒಳ್ಳೆಯ ಕ್ಯಾಟ್ ಇರುವುದನ್ನೇ ಕೊಳ್ಳಿ. ರಂಧ್ರಗಳು ಅಗಲವಾಗಿರುವುದರಿಂದ ಅದು ಉಸಿರನ್ನು ಅಷ್ಟಾಗಿ ಕಟ್ಟುವುದಿಲ್ಲ.

ಆದರೆ ನಿಮ್ಮ ಕಾಯಿಲೆ ಎಕ್ಸಾಸ್ಟ್‌ನದಲ್ಲ ಎಂದೇ ನನ್ನ ಅನುಮಾನ. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಮಂಕಾಗುವುದು ಬಿಸಿಯ ಲಕ್ಷಣ. 25 ಡಿಗ್ರಿಯ ಗಾಳಿಗಿಂತ 42 ಡಿಗ್ರಿಯ ಗಾಳಿ ಶೇ 5ಕ್ಕೂ ಹೆಚ್ಚು ತೆಳು. ಟರ್ಬೊ ಅದನ್ನು ಒತ್ತಿ ಇನ್ನಷ್ಟು ಕಾಯಿಸುತ್ತದೆ, ಆ ಗಾಳಿಯನ್ನು ತಂಪುಮಾಡುವ ಇಂಟರ್‌ಕೂಲರ್ ತಣಿಸಲಾರದೆ ಸೋಲುತ್ತದೆ, ನಾಕ್ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು) ಬರಬಾರದೆಂದು ಇಸಿಯು ಇಗ್ನಿಷನ್ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಸಮಯವನ್ನು, ತಡಮಾಡುತ್ತದೆ, ಎಳೆತ ತಗ್ಗುತ್ತದೆ. ಜೊತೆಗೆ ಬೂಸ್ಟ್ ಹೋಸ್‌ನಲ್ಲಿ ಸೋರಿಕೆ ಇದ್ದರೆ ಟರ್ಬೊ ಅಷ್ಟನ್ನೂ ತುಂಬಲು ಹೆಚ್ಚು ಓಡಿ ಗಾಳಿಯನ್ನು ಮತ್ತೂ ಕಾಯಿಸುತ್ತದೆ. ಮೊದಲು ಸ್ಮೋಕ್ ಟೆಸ್ಟ್ (ಗಾಳಿಯ ಪೈಪ್‌ಗಳಲ್ಲಿ ಹೊಗೆ ತುಂಬಿ ಸೋರಿಕೆ ಹುಡುಕುವುದು) ಮಾಡಿಸಿ, ಏರ್ ಫಿಲ್ಟರ್ ತೆಗೆದು ನೋಡಿ, ಕಾರಿನ ಕಂಪ್ಯೂಟರಿನ ಅಂಕಿ ಓದುವ ಒಂದು ಓಬಿಡಿ ರೀಡರ್ ಕೊಂಡು ಬೂಸ್ಟ್‌ನ ಗುರಿ, ನಿಜವಾದ ಬೂಸ್ಟ್, ಒಳಗಾಳಿಯ ಉಷ್ಣತೆ ಈ ಮೂರನ್ನು ಬೆಳಿಗ್ಗೆ ಮತ್ತು ಮಧ್ಯಾಹ್ನ ದಾಖಲಿಸಿ. ಹಾಂ, 60,000 ಕಿಲೋಮೀಟರಿಗೆ ಡಿಎಸ್‌ಜಿ ತೈಲ ಬದಲಿಸಬೇಕು. ಹಿಂದಿನ ಮಾಲೀಕರು ಮಾಡಿಸಿದ್ದಾರೆಯೇ, ಬಿಲ್ ಕೇಳಿ.

ಭಾಗ್ಯನಗರ ವೆಲ್ಡಿಂಗ್

ಕುಡತಿನಿ ಸರ್ ಹೇಳಿದ್ದಕ್ಕೆ ಪೈಪ್ ಕೆಲಸದವನಾಗಿ ಎರಡು ಮಾತು ಸೇರಿಸುತ್ತೇನೆ. ಕೊಪ್ಪಳದಲ್ಲಿ ನನ್ನದು ಸ್ಟೀಲ್ ವೆಲ್ಡಿಂಗ್ ಅಂಗಡಿ. ಬಿರುಕು ಬಿಟ್ಟ ಎಕ್ಸಾಸ್ಟ್‌ಗಳು ತಿಂಗಳಿಗೆ ಮೂರಾದರೂ ಬರುತ್ತವೆ. ಬಹಳಷ್ಟು ಒಡೆದಿರುವುದು ಒಂದೇ ಜಾಗದಲ್ಲಿ, ಪೈಪನ್ನು ಕಾರಿನ ತಳಕ್ಕೆ ತೂಗುಹಾಕುವ ಹ್ಯಾಂಗರ್ ಕಡ್ಡಿ ಪೈಪ್‌ಗೆ ಕೂಡುವ ವೆಲ್ಡ್ ಅಂಚಿನಲ್ಲಿ. 304 ಸ್ಟೇನ್‌ಲೆಸ್ ಹೊಳೆಯುತ್ತದೆ, ತುಕ್ಕು ಹಿಡಿಯುವುದಿಲ್ಲ, ಆದರೆ ಬಿಸಿಗೆ ಬಹಳ ಹಿಗ್ಗುತ್ತದೆ. ಒಂದೂವರೆ ಮೀಟರ್ ಪೈಪ್ 400 ಡಿಗ್ರಿ ಏರಿದರೆ ಸುಮಾರು 10 ಮಿಲಿಮೀಟರ್ ಉದ್ದವಾಗುತ್ತದೆ. ಅದಕ್ಕೆ ಜಾಗ ಬಿಡದೆ ಎರಡೂ ಕಡೆ ಬಿಗಿದರೆ ಎಲ್ಲಾದರೂ ಒಡೆಯಲೇಬೇಕು. ಮುಂದೆ ಬಾಗಿ ಹಿಗ್ಗುವ ಫ್ಲೆಕ್ಸ್ ತುಂಡು ಇರಲಿ, ಹಿಂದೆ ಮೂಲ ರಬ್ಬರ್ ಹ್ಯಾಂಗರ್‌ಗಳೇ ಇರಲಿ. ಟಿಗ್ ವೆಲ್ಡಿಂಗ್ ಮಾಡುವಾಗ ಪೈಪ್‌ನ ಒಳಗೂ ಆರ್ಗಾನ್ ಬಿಡುತ್ತಾರೆಯೇ ಎಂದು ಕೇಳಿ. ಬಿಡದಿದ್ದರೆ ಒಳಮೈಯಲ್ಲಿ ಲೋಹ ಸುಟ್ಟು ಸಕ್ಕರೆ ಹರಳಿನಂತೆ ಒರಟಾಗುತ್ತದೆ. ಹೊರಗಿನಿಂದ ಎಷ್ಟೇ ಚೆಂದ ಕಂಡರೂ ಆ ಬೆಸುಗೆ ಬಾಳುವುದಿಲ್ಲ.

ಹೊಸಪೇಟೆ ಅಣ್ಣನವರ ಗುಂಯ್ ಸದ್ದಿಗೆ ಮದ್ದಿತ್ತು. ನಾಲ್ಕು ಸಿಲಿಂಡರ್ ಎಂಜಿನ್ 2,400 ಸುತ್ತಿನಲ್ಲಿ ಸೆಕೆಂಡಿಗೆ 80 ಸಲ ಸಿಡಿಯುತ್ತದೆ. ಅದೇ 80 ಹರ್ಟ್ಸ್ ಕ್ಯಾಬಿನ್‌ನಲ್ಲಿ ಮೊಳಗುವುದು. ಪೈಪ್‌ನ ಬದಿಗೆ ಒಂದೂಕಾಲು ಮೀಟರಿಗಿಂತ ತುಸು ಉದ್ದದ, ತುದಿ ಮುಚ್ಚಿದ ಕವಲು ಪೈಪ್ ಬೆಸೆದರೆ ಒಳಗೆ ಹೋದ ಅಲೆ ತಿರುಗಿ ಬಂದು ಆ ಸದ್ದನ್ನು ಅಡಗಿಸುತ್ತದೆ. ಉದ್ದವನ್ನು ಕಾರಿನ ಮೇಲೆ ಕಡಿದು, ಓಡಿಸಿ, ಮತ್ತೆ ಕಡಿದು ಹೊಂದಿಸಬೇಕು. ಒಂದು ದಿನದ ಕೆಲಸ.

ರಾಯಚೂರು ವಕೀಲೆ

ಕಾನೂನಿನ ಬಗ್ಗೆ ಯಾರೂ ಬರೆದಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರ ಮೂಲ ನಿರ್ದಿಷ್ಟತೆಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ನಂತರ ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮೀರಿದರೆ 190(2)ನೇ ಕಲಂ ಅಡಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಮೇಲೆ ಮೂರು ತಿಂಗಳು ಚಾಲನಾ ಪರವಾನಗಿಗೆ ಅನರ್ಹತೆ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ಕ್ಲೇಮಿನ ವೇಳೆ ಮುಳುವಾಗಬಹುದು. ವಾರಕ್ಕೊಮ್ಮೆ ಹುಬ್ಬಳ್ಳಿಗೆ ಓಡಿಸುವವರು ನೀವು, ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೌಲ್ ಬಜಾರ್ 230

ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಕುಡತಿನಿ ಸರ್, ನಿಮ್ಮ ಅನುಮಾನ ನಿಜವಾಯಿತು. ಸ್ಮೋಕ್ ಟೆಸ್ಟ್‌ನಲ್ಲಿ ಇಂಟರ್‌ಕೂಲರ್‌ಗೆ ಹೋಗುವ ಹೋಸ್‌ನ ಕೂಡುಗೆಯಿಂದ ಬಿಳಿ ಹೊಗೆ ಎಳೆಯಾಗಿ ಮೇಲೆದ್ದಿತು. ಬಿಚ್ಚಿದರೆ ಒಳಗಿನ ರಬ್ಬರ್ ಸೀಲ್ ಒಂದು ಕಡೆ ಚಪ್ಪಟೆಯಾಗಿತ್ತು, ಎಣ್ಣೆ ಪಸೆಗೆ ಕೆಂಪು ದೂಳು ಕಲಸಿ ಹುಣಸೆ ರಸದಂತೆ ಮೆತ್ತಿಕೊಂಡಿತ್ತು. ಏರ್ ಫಿಲ್ಟರ್ ತಟ್ಟಿದಾಗ ನೆಲದ ಮೇಲೆ ಬಿದ್ದ ಮಣ್ಣನ್ನು ನೋಡಿ ನಮ್ಮ ಹುಡುಗರು ಬೆರಗಾದರು. ಸೀಲ್, ಕ್ಲಿಪ್, ಫಿಲ್ಟರ್ ಬದಲಿಸಿದೆ. ಡಿಎಸ್‌ಜಿ ತೈಲದ ಬಿಲ್ ಸಿಗಲಿಲ್ಲ, ಅದನ್ನೂ ಹೊಸದಾಗಿ ಹಾಕಿಸಿದೆ. ಎಲ್ಲ ಸೇರಿದರೂ ಅವರು ಕೇಳಿದ ಮೊತ್ತದ ಕಾಲು ಭಾಗ ಮುಟ್ಟಲಿಲ್ಲ.

ಈಗ ಬೂಸ್ಟ್ ಗುರಿಗೆ ಸರಿಯಾಗಿ ಮುಟ್ಟುತ್ತಿದೆ. ಹೊರಗೆ 41 ಡಿಗ್ರಿ ಇದ್ದಾಗ ರಾಯಲ್ ಸರ್ಕಲ್ ಸಿಗ್ನಲ್‌ನಲ್ಲಿ ನಿಂತರೆ ಒಳಗಾಳಿ 63ಕ್ಕೆ ಏರುತ್ತದೆ, ಹೆದ್ದಾರಿಗೆ ಬಿದ್ದ ಮೇಲೆ 50ರ ಸುತ್ತ ನಿಲ್ಲುತ್ತದೆ. ಮಧ್ಯಾಹ್ನದ ಮಂಕು ಪೂರ್ತಿ ಹೋಗಿಲ್ಲ, ಆದರೆ ಉಸಿರು ಕಟ್ಟುವಂತಿಲ್ಲ. ಎಕ್ಸಾಸ್ಟ್ ವಿಚಾರ ಕೈಬಿಟ್ಟಿದ್ದೇನೆ. ಒಂದೇ ಪ್ರಶ್ನೆ ಉಳಿದಿದೆ. ಇಂಟರ್‌ಕೂಲರ್ ದೊಡ್ಡದು ಹಾಕಿದರೆ ರೀಮ್ಯಾಪ್ ಬೇಕೇ?

ಕುಡತಿನಿ ಟರ್ಬೈನ್

ಓದಿ ಸಂತೋಷವಾಯಿತು. ಇಂಟರ್‌ಕೂಲರ್‌ಗೆ ರೀಮ್ಯಾಪ್ ಬೇಕಾಗಿಲ್ಲ; ಗಾಳಿ ತಣ್ಣಗಾದರೆ ಇಸಿಯು ತಾನೇ ಟೈಮಿಂಗ್ ವಾಪಸು ಕೊಡುತ್ತದೆ. ಆದರೆ ಅದೂ ಮೂಲದಲ್ಲಿಲ್ಲದ ಭಾಗವೇ, ವಕೀಲೆಯವರು ಹೇಳಿದ ವಿಮೆಯ ಮಾತು ಇದಕ್ಕೂ ಅನ್ವಯಿಸುತ್ತದೆ. ಈ ಬೇಸಿಗೆಯನ್ನು ಹೀಗೆಯೇ ಕಳೆಯಿರಿ. ಕೊಳ್ಳುವ ಮೊದಲು ಒಂದು ಕೆಲಸ ಮಾಡಿ: ಮುಂದಿನ ಬಂಪರ್ ಬಿಚ್ಚಿಸಿ ರೇಡಿಯೇಟರ್‌ಗೂ ಇಂಟರ್‌ಕೂಲರ್‌ಗೂ ನಡುವೆ ಟಾರ್ಚ್ ಬಿಟ್ಟು ನೋಡಿ. ನಮ್ಮ ಕಡೆಯ ಗಾಡಿಗಳಲ್ಲಿ ಅಲ್ಲಿ ಅದಿರಿನ ದೂಳು, ಹತ್ತಿಯ ಎಳೆ, ಹುಳು ಎಲ್ಲ ಕಂಬಳಿಯಂತೆ ಕೂತಿರುತ್ತವೆ. ಪ್ರೆಷರ್ ವಾಷರ್ ಬೇಡ, ತೆಳು ರೆಕ್ಕೆಗಳು ಬಾಗುತ್ತವೆ. ತೋಟಕ್ಕೆ ಬಿಡುವ ಸಾದಾ ಪೈಪ್‌ನಲ್ಲಿ ಹಿಂದಿನಿಂದ ಮುಂದಕ್ಕೆ ನೀರು ಹಾಯಿಸಿ ತೊಳೆಸಿ, ಆಮೇಲೆ ಮತ್ತೊಮ್ಮೆ ರಾಯಲ್ ಸರ್ಕಲ್‌ನ ಅಂಕಿ ಬರೆದು ಕಳುಹಿಸಿ.