ಹಳೆಯ ಖುಕುರಿಯೊಂದನ್ನು ಕೊಂಡಿದ್ದೇನೆ, ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಕೆಲಸದ ನಿಮಿತ್ತ ಡೆಹ್ರಾಡೂನಿನಲ್ಲಿದ್ದೇನೆ. ಕಳೆದ ವಾರ ಇಲ್ಲಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ನೇಪಾಳಿ ಖುಕುರಿಯೊಂದನ್ನು (ಒಳಕ್ಕೆ ಬಾಗಿದ ಅಲಗಿನ ಕತ್ತಿ) ಕೊಂಡೆ. ಒಟ್ಟು ಉದ್ದ 42 ಸೆಂ.ಮೀ., ತೂಕ ಸುಮಾರು 600 ಗ್ರಾಂ. ಹಿಡಿ ಎಮ್ಮೆಯ ಕೊಂಬಿನದು. ಒರೆ ಮರದ್ದು, ಮೇಲೆ ಚರ್ಮ ಹೊದಿಸಿದೆ. ಅದರ ಹಿಂಬದಿಯಲ್ಲಿ ಎರಡು ಪುಟ್ಟ ಚಾಕುಗಳಿವೆ. ಅಲಗಿನ ಬುಡದಲ್ಲಿ ಬಾಣದ ಗುರುತೂ ‘43’ ಎಂಬ ಅಂಕಿಯೂ ಇರುವುದರಿಂದ ಇದು ಎರಡನೆಯ ಮಹಾಯುದ್ಧದ ಕಾಲದ್ದು ಎಂದು ಅಂಗಡಿಯವರು ಹೇಳಿದರು. ಹಿಡಿಯನ್ನು ಅಲುಗಿಸಿದರೆ ಸಣ್ಣಗೆ ‘ಟಕ್’ ಎನ್ನುತ್ತದೆ. ಊರಿನ ತೋಟದಲ್ಲಿ ರೆಂಬೆ ಕಡಿಯಲು ಇದು ಬಂದೀತೇ, ಅಥವಾ ಗೋಡೆಯ ಅಲಂಕಾರಕ್ಕಷ್ಟೇ ಸರಿಯೇ?

ಉತ್ತರ: ನಮಸ್ಕಾರ. ಹಿಡಿಯ ಸದ್ದಿಗೆ ಕಾರಣ ತಿಳಿಯುವವರೆಗೆ ದಯವಿಟ್ಟು ಏನನ್ನೂ ಕಡಿಯಬೇಡಿ. ಒರೆಯಿಂದ ತೆಗೆಯುವಾಗ ಎಡಗೈ ಬೆರಳುಗಳು ಒರೆಯನ್ನು ಸುತ್ತಿ ಅಲಗಿನ ಬಾಯಿಯ, ಅಂದರೆ ಹರಿತವಾದ ಅಂಚಿನ, ಕಡೆಗೆ ಬರಬಾರದು. ಹಳೆಯ ಒರೆಯ ಹೊಲಿಗೆ ಸೀಳಿ ಅಲಗು ನೇರವಾಗಿ ಬೆರಳಿಗೆ ತಾಗುತ್ತದೆ. ಒರೆಯನ್ನು ಬೆನ್ನಿನ ಕಡೆಯಿಂದ ಹಿಡಿದು, ಅಲಗಿನ ಬೆನ್ನು ಒರೆಯ ಬೆನ್ನಿಗೆ ಒತ್ತಿ ಜಾರುವಂತೆ ನಿಧಾನವಾಗಿ ಎಳೆಯಿರಿ.

ಬಾಣದ ಗುರುತು ಮತ್ತು ಇಸವಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂತಹ ಮುದ್ರೆಗಳು ಸೇನೆಯ ಖುಕುರಿಗಳ ಮೇಲೆ ನಿಜವಾಗಿಯೂ ಇರುತ್ತಿದ್ದವು, ಆದರೆ ಉಳಿ ಮತ್ತು ಸುತ್ತಿಗೆ ಇರುವ ಯಾರು ಬೇಕಾದರೂ ಅವನ್ನು ಇಂದೂ ಒತ್ತಬಹುದು. ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಉಕ್ಕಿನಲ್ಲಿ.

ಖುಕುರಿಯ ಅಲಗು ಎಲ್ಲ ಕಡೆಯೂ ಒಂದೇ ಗಡಸಿನದಲ್ಲ. ನೇಪಾಳದ ‘ಕಾಮಿ’ ಎಂಬ ಸಮುದಾಯದ ಕಮ್ಮಾರರು ಹೆಚ್ಚಾಗಿ ಲಾರಿಗಳ ಹಳೆಯ ಸ್ಪ್ರಿಂಗ್ ಪಟ್ಟಿಯಿಂದಲೇ ಇದನ್ನು ಬಡಿಯುತ್ತಾರೆ. ಕೆಂಪಗೆ ಕಾದ ಅಲಗನ್ನು ಇಡಿಯಾಗಿ ನೀರಿನಲ್ಲಿ ಮುಳುಗಿಸದೆ, ಕೆಟಲ್‌ನಿಂದ ತೆಳುವಾದ ನೀರಿನ ಧಾರೆಯನ್ನು ಬಾಯಿಯ ಉದ್ದಕ್ಕೂ ಹರಿಸುವುದು ಅವರ ಪದ್ಧತಿ. ಬಾಯಿ ತಟ್ಟನೆ ತಣಿದು ಗಡಸಾಗುತ್ತದೆ. ದಪ್ಪನೆಯ ಬೆನ್ನಿನಲ್ಲಿ ಉಳಿದ ಶಾಖ ಮರಳಿ ಬಾಯಿಗೆ ಹರಿದು ಅದರ ಪೆಡಸನ್ನು ಅಷ್ಟಿಷ್ಟು ತಗ್ಗಿಸುತ್ತದೆ. ಹೀಗೆ ಬಾಯಿ ಹರಿತವನ್ನು ಹಿಡಿದಿಡುತ್ತದೆ, ಬೆನ್ನು ಪೆಟ್ಟನ್ನು ತಾಳುತ್ತದೆ. ಆದ್ದರಿಂದ ಒಂದೇ ಜಾಗವನ್ನು ಮುಟ್ಟಿ ನೋಡಿ ತೀರ್ಪು ಕೊಟ್ಟರೆ ತಪ್ಪಾಗುತ್ತದೆ.

ಮೊದಲು ಅಲಗನ್ನು ಸೀಮೆಎಣ್ಣೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ, ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಸವರಿ. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ಸ್ವಲ್ಪ ಹೊತ್ತಿನಲ್ಲಿ ಹೊರಬಂದು ಪುಡಿಯ ಮೇಲೆ ಗೆರೆಯಾಗಿ ಕಾಣುತ್ತದೆ. ಬುಡದ ಬಳಿ ಬಾಯಿಯಲ್ಲಿರುವ ‘ಕೌಡಿ’ ಎಂಬ ಕಚ್ಚಿನ ಸುತ್ತ ವಿಶೇಷವಾಗಿ ನೋಡಿ. ಕಚ್ಚಿನ ಚೂಪು ಮೂಲೆಗಳಲ್ಲಿ ಒತ್ತಡ ಸೇರುವುದರಿಂದ ಬಿರುಕು ಅಲ್ಲಿ ಹುಟ್ಟುವುದುಂಟು. ಬಾಯಿಗೆ ಅಡ್ಡವಾದ ಬಿರುಕು ಕಂಡರೆ ಅದನ್ನು ಗೋಡೆಗೇ ಹಾಕಿಬಿಡಿ.

ಬಿರುಕಿಲ್ಲದಿದ್ದರೆ ಸಣ್ಣ ಹಲ್ಲಿನ ಹೊಸ ಅರವೊಂದನ್ನು ತೆಗೆದುಕೊಂಡು ಮೊದಲು ಬೆನ್ನಿನ ಮೇಲೆ ಹಗುರಾಗಿ ಎಳೆಯಿರಿ. ಅದು ಸುಲಭವಾಗಿ ಕಚ್ಚಬೇಕು. ಬಳಿಕ ಬಾಯಿಯ ಉಬ್ಬಿದ ಭಾಗದಲ್ಲಿ, ಅಂದರೆ ಪೆಟ್ಟು ಬೀಳುವ ಜಾಗದಲ್ಲಿ, ಅಷ್ಟೇ ಒತ್ತಡದಿಂದ ಎಳೆಯಿರಿ. ಅಲ್ಲಿ ಅರ ಜಾರಬೇಕು ಅಥವಾ ಬಹಳ ಕಷ್ಟಪಟ್ಟು ಕಚ್ಚಬೇಕು. ಎರಡೂ ಕಡೆ ಒಂದೇ ರೀತಿ ಬೆಣ್ಣೆಯಂತೆ ಕಚ್ಚಿದರೆ ಅದು ಪ್ರವಾಸಿಗರಿಗೆಂದು ಮಾಡಿದ, ಹದವೇ ಇಲ್ಲದ ವಸ್ತು. ಎರಡೂ ಕಡೆ ಜಾರಿದರೆ ಅದೂ ಒಳ್ಳೆಯದಲ್ಲ. ಪೂರ್ತಿ ಗಡಸಾದ ಅಲಗು ಗಟ್ಟಿ ಗಂಟಿಗೆ ತಾಗಿದಾಗ ಮುರಿಯಬಹುದು. ಸಾಣೆಯಂತ್ರದ ಕಿಡಿ ನೋಡಿ ಹೇಳುತ್ತೇನೆನ್ನುವವರ ಕೈಗೆ ಮಾತ್ರ ಕೊಡಬೇಡಿ. ಒಂದು ನಿಮಿಷದ ಬಿಸಿಯಲ್ಲಿ ಬಾಯಿಯ ಹದ ಹೋಗುತ್ತದೆ.

ಅಂದಹಾಗೆ, ಆ ಪುಟ್ಟ ಚಾಕುಗಳಲ್ಲಿ ಒಂದು ಮಾತ್ರ ಚಾಕು, ಅದು ‘ಕರ್ದಾ’. ಮೊಂಡಾದ ಇನ್ನೊಂದು ‘ಚಕ್ಮಕ್’. ಮಡಿಚಿದ ಬಾಯಿಯನ್ನು ಒತ್ತಿ ನೇರ ಮಾಡುವುದಕ್ಕೂ, ಕಲ್ಲಿಗೆ ತೀಡಿ ಕಿಡಿ ಎಬ್ಬಿಸುವುದಕ್ಕೂ ಅದಿರುವುದು. ಅದನ್ನು ಹರಿತ ಮಾಡಲು ಹೋಗಬೇಡಿ.

ಪ್ರಶ್ನೆ (ಅದೇ ಸದಸ್ಯರು): ಬಿರುಕು ಕಾಣಲಿಲ್ಲ. ಬೆನ್ನಿನಲ್ಲಿ ಅರ ಕಚ್ಚಿತು, ಉಬ್ಬಿನಲ್ಲಿ ಜಾರಿತು, ಮೊನೆಯ ಬಳಿ ಸ್ವಲ್ಪ ಕಚ್ಚಿತು. ಆದರೆ ಅಲಗನ್ನು ತಟ್ಟಿದರೆ ಕಂಚಿನಂತೆ ನಾದ ಬರುತ್ತಿಲ್ಲ, ಬದ್ದೆನ್ನುತ್ತದೆ. ಇದು ದೋಷವೇ?

ಉತ್ತರ: ಅರದ ಫಲಿತಾಂಶ ಚೆನ್ನಾಗಿದೆ, ಮೊನೆ ಉಬ್ಬಿಗಿಂತ ತುಸು ಮೆದುವಾಗಿರುವುದು ಸಹಜ. ನಾದವನ್ನು ಮಾತ್ರ ಈಗ ನಂಬಬೇಡಿ, ಏಕೆಂದರೆ ಸಡಿಲವಾದ ಹಿಡಿ ಒಳ್ಳೆಯ ಅಲಗಿನ ಸದ್ದನ್ನೂ ನುಂಗಿಬಿಡುತ್ತದೆ. ಅಲಗಿನಿಂದ ಹಿಡಿಯೊಳಗೆ ಹೋಗುವ ಬಾಲವನ್ನು ‘ಲಾಹಾ’ ಎಂಬ ಅರಗಿನಂತಹ ಅಂಟಿನಿಂದ ಕೂರಿಸಿರುತ್ತಾರೆ. ವರ್ಷಗಳು ಕಳೆದಂತೆ ಕೊಂಬು ಒಣಗಿ ಕುಗ್ಗುತ್ತದೆ, ಅಂಟು ಪುಡಿಯಾಗುತ್ತದೆ. ಹಿಡಿ ಉದ್ದಕ್ಕೆ ಹಿಂದೆ ಮುಂದೆ ಸರಿದರೆ ಬಹುಶಃ ಅಂಟಿನ ದೋಷ, ಅದು ಸರಿಹೋಗುತ್ತದೆ. ಬುಡದಲ್ಲಿ ಪಕ್ಕಕ್ಕೆ ಬಾಗಿದಂತಾದರೆ ಬಾಲವೇ ತುಕ್ಕು ತಿಂದಿರಬಹುದು. ಹೇಗಿದ್ದರೂ ಹಿಡಿಯನ್ನು ಬಿಚ್ಚಿಸಿ ಬಾಲವನ್ನು ಕಣ್ಣಾರೆ ನೋಡಿ. ಬಿಚ್ಚಲು ಶಾಖ ಕೊಡುವಾಗ ಅಲಗಿಗೆ ಒದ್ದೆ ಬಟ್ಟೆ ಸುತ್ತಿಸಿ.

ಹೊಸದಾಗಿ ಅಂಟು ಹಾಕಿ ಗಟ್ಟಿಯಾದ ಮೇಲೆ ಮಣಿಕಟ್ಟಿನಷ್ಟು ದಪ್ಪದ ಹಸಿ ರೆಂಬೆಯಿಂದ ಆರಂಭಿಸಿ. ನಾಲ್ಕು ಪೆಟ್ಟಿಗೊಮ್ಮೆ ಬಾಯಿಯನ್ನು ಬೆಳಕಿಗೆ ಹಿಡಿಯಿರಿ: ಅಂಚು ಮಡಿಚಿದ್ದರೆ ಉಕ್ಕು ಮೆದು, ಚೂರು ಹಾರಿದ್ದರೆ ಅತಿ ಗಡಸು. ಸಣ್ಣ ಮಡಿಕೆಯನ್ನು ಚಕ್ಮಕ್ಕಿನಿಂದ ಒತ್ತಿ ಸರಿಪಡಿಸಿ ಮುಂದುವರಿಯಬಹುದು. ಕೆಲಸ ಮುಗಿದ ಮೇಲೆ ತೆಳುವಾಗಿ ಎಣ್ಣೆ ಹಚ್ಚಿ, ಒರೆಯ ಹೊರಗೆ ಇಡಿ; ಚರ್ಮ ತೇವ ಹಿಡಿದು ಅಲಗಿಗೆ ತುಕ್ಕು ತರಿಸುತ್ತದೆ.

ಊರಿಗೆ ಒಯ್ಯುವ ಮೊದಲು ಇನ್ನೊಂದು ವಿಷಯ. ಆಯುಧ ನಿಯಮಗಳ ಪಟ್ಟಿಯಲ್ಲಿ ಖುಕುರಿಯ ಹೆಸರೇ ಇದೆ. ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾಗಿದ್ದು, ಮನೆಗೆಲಸಕ್ಕೋ ಕೃಷಿಗೋ ಎಂದು ಮಾಡಿದ್ದಲ್ಲದಿದ್ದರೆ ಅದು ಆಯುಧವೆಂದು ಎಣಿಕೆಯಾಗುತ್ತದೆ. ನಿಮ್ಮದನ್ನು ಅಳೆದು ನೋಡಿ, ಎರಡೂ ಊರಿನ ಪೊಲೀಸ್ ಠಾಣೆಯಲ್ಲಿ ವಿಚಾರಿಸಿಯೇ ಹೊರಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನಾವು ಕೊಡಗಿನವರು. ಮನೆಯಲ್ಲಿ ಅಜ್ಜನ ಕಾಲದ ಒಡಿಕತ್ತಿ ಇದೆ. ಅದೂ ಒಳಕ್ಕೆ ಬಾಗಿದ ಅಲಗು. ಅರದ ಪರೀಕ್ಷೆ ಅದಕ್ಕೂ ಹೊಂದುತ್ತದೆಯೇ?

ಉತ್ತರ: ಬಾಗು ಒಂದೇ ಬಗೆಯದಾದರೂ ಹದ ಹಾಕಿದ ರೀತಿ ಬೇರೆ ಇರಬಹುದು, ಹಾಗಾಗಿ ಖುಕುರಿಯ ಲೆಕ್ಕವನ್ನು ಅದಕ್ಕೆ ಹಾಕಬೇಡಿ. ಅಜ್ಜನ ಕತ್ತಿಯನ್ನು ನೀವು ಕಡಿಯಲು ಬಳಸುವುದಿಲ್ಲವಾದರೆ ಅರ ತಾಗಿಸುವ ಅಗತ್ಯವೇ ಇಲ್ಲ. ಸೀಮೆಎಣ್ಣೆಯಲ್ಲಿ ಒರೆಸಿ ಎಣ್ಣೆ ಹಚ್ಚಿದರೆ ಸಾಕು.