ಟ್ರೈಲರ್ ಫಾಸ್ಟ್ ಇದೆ, ಆದರೂ ಎದೆ ಡವಗುಟ್ಟುವುದಿಲ್ಲ. ತಪ್ಪು ಎಲ್ಲಿ?

ಕೋಡಿಬಾಗ_ಕಟ್ (ಪ್ರಶ್ನೆ):

ಕಾರವಾರ, ಕುಮಟಾ, ಶಿರಸಿ ಸುತ್ತಮುತ್ತ ಶೂಟ್ ಆದ ಸಣ್ಣ ಬಜೆಟ್ಟಿನ ಆ್ಯಕ್ಷನ್ ಚಿತ್ರದ ಟ್ರೈಲರ್ ಇದು. ಸೆಕೆಂಡಿಗೆ 24 ಫ್ರೇಮ್ ಟೈಮ್‌ಲೈನ್, ಉದ್ದ 1 ನಿಮಿಷ 58 ಸೆಕೆಂಡ್, ಒಟ್ಟು 171 ಶಾಟ್. ಮ್ಯೂಸಿಕ್ 120 ಬಿಪಿಎಂ, ಅಂದರೆ ನಿಮಿಷಕ್ಕೆ 120 ಬೀಟ್. ಮೊದಲ ಸೆಕೆಂಡಿನಿಂದಲೇ ಬೀಟಿಗೆ ಕಟ್ ಇದೆ, ಕಟ್ಟಿಗೊಂದು ವೂಶ್ (ಸುಯ್ ಅನ್ನುವ ಸದ್ದು) ಇದೆ, ಹಿಟ್ (ಧಡ್ ಅನ್ನುವ ಪೆಟ್ಟಿನ ಸದ್ದು) ಇದೆ, ಶಾಟಿನ ವೇಗ ಏರಿಳಿಸುವ ಸ್ಪೀಡ್ ರ್‍ಯಾಂಪ್ ಇದೆ. ನೋಡಿದವರು "ಚಲೋ ಆಗಿದೆ" ಅನ್ನುತ್ತಾರೆ, ಆದರೆ 40ನೇ ಸೆಕೆಂಡಿಗೆ ಅವರ ಕಣ್ಣು ಬೇರೆ ಕಡೆ ಹೋಗಿರುತ್ತದೆ.

ಮುಖ್ಯ ಆ್ಯಕ್ಷನ್ ಮೂರು: ಕಾಳಿ ನದಿಯ ಸೇತುವೆ ಮೇಲೆ ರಾತ್ರಿ ಬೈಕು ಮತ್ತು ಲಾರಿ, ದೇವಿಮನೆ ಘಾಟಿಯಲ್ಲಿ ಜೀಪ್ ಚೇಸ್, ಯಾಣದ ಬಂಡೆಗಳ ಹತ್ತಿರ ಹೊಡೆದಾಟ. ಬಿಟ್ಟುಹೋದ ಶಾಟ್ ತೆಗೆಯಲು ಎರಡು ದಿನದ ಪ್ಯಾಚ್ ಶೂಟಿಗೆ ನಿರ್ಮಾಪಕರು ಒಪ್ಪಿದ್ದಾರೆ. ಇದು ಎಡಿಟ್ ಟೇಬಲ್ಲಿನಲ್ಲೇ ಸರಿಹೋಗುವಂಥದ್ದೋ, ಶಾಟ್‌ಗಳೇ ಬೇರೆ ಬೇಕೋ?

ಬ್ಲ್ಯಾಕ್_ಫ್ರೇಮ್:

118 ಸೆಕೆಂಡಿಗೆ 171 ಶಾಟ್ ಅಂದರೆ ಸರಾಸರಿ 0.69 ಸೆಕೆಂಡ್, ಹದಿನಾರು ಹದಿನೇಳು ಫ್ರೇಮು. ಅದೂ ಮೊದಲಿಂದ ಕೊನೆಯವರೆಗೆ ಹೆಚ್ಚುಕಮ್ಮಿ ಒಂದೇ ಅಳತೆ. ರೋಗ ಅಲ್ಲೇ ಇದೆ. ಯಕ್ಷಗಾನದ ಆಟದಲ್ಲಿ ರಾತ್ರಿಯಿಡೀ ಜೋರಿನ ಏರುಪದ್ಯವನ್ನೇ ಹಾಡಿದರೆ ಬೆಳಗಿನ ಜಾವದ ಯುದ್ಧಕ್ಕೆ ಏನು ಉಳಿಯಿತು? ವೇಗವೇ ಬಿಗಿ ಅಲ್ಲ. ಮುಂದೇನೋ ಆಗುತ್ತದೆ ಅಂತ ನೋಡುವವನಿಗೆ ಗೊತ್ತಾಗಿ, ಅದು ಇನ್ನೂ ಆಗದೆ ಇದೆಯಲ್ಲ, ಆ ಹೊತ್ತೇ ಬಿಗಿ. ಆ ಹೊತ್ತು ಇರಬೇಕಾದರೆ ಶಾಟ್ ನಿಲ್ಲಬೇಕು.

ಅದೇ 118 ಸೆಕೆಂಡನ್ನು ಹೀಗೆ ಹಂಚಿ ನೋಡಿ. ಮೊದಲ 25 ಸೆಕೆಂಡಿಗೆ ಒಂಬತ್ತೇ ಶಾಟ್, ಅದರಲ್ಲಿ ಒಂದಾದರೂ ಐದಾರು ಸೆಕೆಂಡ್ ನಿಲ್ಲಲಿ. ಆಮೇಲಿನ 55 ಸೆಕೆಂಡಿಗೆ ಮೂವತ್ತರ ಆಸುಪಾಸು. ಕಡೆಯ ಏರಿಕೆಗೆ 25 ಸೆಕೆಂಡ್, 45 ಶಾಟ್. ನಂತರ ಎರಡು ಸೆಕೆಂಡ್ ಪೂರ್ತಿ ಕಪ್ಪು, ನಾಲ್ಕು ಸೆಕೆಂಡ್ ಟೈಟಲ್, ಏಳು ಸೆಕೆಂಡಿನ ಕೊನೆಯ ತುಣುಕು. 171 ಇದ್ದದ್ದು 85–90ಕ್ಕೆ ಇಳಿಯುತ್ತದೆ. ಕೊನೆಯ 45ರಲ್ಲೂ ಉದ್ದ ಇಳಿಯುತ್ತಾ ಹೋಗಲಿ: 20 ಫ್ರೇಮ್, 16, 12, 8, 6. ಆರಕ್ಕಿಂತ ಕೆಳಗೆ ಇಳಿಯುವುದಾದರೆ ಆ ಶಾಟಿನಲ್ಲಿ ಒಂದೇ ವಸ್ತು ಇರಬೇಕು, ಅದು ಹಿಂದಿನ ಶಾಟಿನಲ್ಲಿ ಕಣ್ಣು ಎಲ್ಲಿತ್ತೋ ಅಲ್ಲೇ ಇರಬೇಕು. ಎಡ ಮೂಲೆಯಿಂದ ಬಲ ಮೂಲೆಗೆ ಕಣ್ಣು ಓಡಿ ತಲುಪುವಷ್ಟರಲ್ಲಿ ನಾಲ್ಕು ಫ್ರೇಮಿನ ಶಾಟ್ ಮುಗಿದಿರುತ್ತದೆ, ಕಂಡದ್ದು ಬರೀ ಗಲಿಬಿಲಿ.

ಈಗ ಸೇತುವೆ. 2024ರ ಆಗಸ್ಟಿನಲ್ಲಿ ಹಳೆ ಕಾಳಿ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದದ್ದನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ. ರಾತ್ರಿ, ಕಾಳಿ ಸೇತುವೆ, ಲಾರಿಯ ಹೆಡ್‌ಲೈಟು. ಇಷ್ಟು ತೋರಿಸಿದರೆ ಅರ್ಧ ಕೆಲಸ ಆಗಿಹೋಯಿತು. ನಿಮ್ಮ ಕಟ್ಟಿನಲ್ಲಿ ಇದೇ ಜಾಗಕ್ಕೆ ಹತ್ತಾರು ತುಂಡು ಇರಬೇಕು. ನಾನಾದರೆ ಹೀಗೆ ಜೋಡಿಸುತ್ತೇನೆ:

ಉದ್ದ ಲೆನ್ಸಿನಲ್ಲಿ ನೇರ ಸೇತುವೆ, ದೂರದಲ್ಲಿ ಎರಡು ದೀಪ: 110 ಫ್ರೇಮ್. ಮ್ಯೂಸಿಕ್ ಇಲ್ಲ, ಗಾಳಿ ಮಾತ್ರ.
ಕ್ಲಚ್ ಹಿಡಿದ ಕೈ: 30.
ಮತ್ತೆ ಅದೇ ಸೇತುವೆ, ಅದೇ ಫ್ರೇಮಿಂಗ್, ದೀಪ ದೊಡ್ಡದು: 60.
ಕಣ್ಣು: 24.
ಮತ್ತೆ ಅದೇ ಫ್ರೇಮಿಂಗ್, ದೀಪ ಮುಖಕ್ಕೇ ಬಂದಿದೆ, ಹಾರ್ನ್: 36.
ಜಾರುವ ಟೈರ್: 10.
ಕಪ್ಪು: 14, ಹಾರ್ನ್ ಸಹ ಕಪ್ಪಿನ ಜೊತೆಗೇ ಕತ್ತರಿಸಬೇಕು.
ಖಾಲಿ ರಸ್ತೆಯಲ್ಲಿ ಗಿರಗಿರ ತಿರುಗುತ್ತಿರುವ ಹೆಲ್ಮೆಟ್: 40.

ಒಟ್ಟು 324 ಫ್ರೇಮ್, ಹದಿಮೂರೂವರೆ ಸೆಕೆಂಡ್. ಡಿಕ್ಕಿ ಎಲ್ಲಿಯೂ ಇಲ್ಲ. ಒಂದೇ ಫ್ರೇಮಿಂಗಿಗೆ ಮೂರು ಸಲ ವಾಪಸ್ ಬರುವುದು ಇಲ್ಲಿಯ ಗುಟ್ಟು. ಪ್ರತಿ ಸಲ ದೀಪ ಎಷ್ಟು ಹತ್ತಿರ ಬಂತು ಅಂತ ನೋಡುವವನು ತಾನೇ ಅಳೆಯುತ್ತಾನೆ. ಪ್ರತಿ ಸಲ ಆ್ಯಂಗಲ್ ಬದಲಿಸಿದರೆ ಅಳೆಯಲು ಅವನ ಕೈಲಿ ಏನೂ ಇರುವುದಿಲ್ಲ.

ಬೀಟಿನ ಬಗ್ಗೆ: 120 ಬಿಪಿಎಂ ಅಂದರೆ ಬೀಟಿಗೆ ಸರಿಯಾಗಿ 12 ಫ್ರೇಮ್. ಎಲ್ಲ ಕಟ್ಟೂ ಅಲ್ಲೇ ಬಿದ್ದರೆ ನಾಲ್ಕನೇ ಕಟ್ಟಿನಿಂದ ಮುಂದೆ ಯಾವುದೂ ಅನಿರೀಕ್ಷಿತ ಅಲ್ಲ. ಮೊದಲು ಮ್ಯೂಸಿಕ್ ಟ್ರ್ಯಾಕ್ ಮ್ಯೂಟ್ ಮಾಡಿ ಕಟ್ ಮಾಡಿ. ಆಮೇಲೆ ಮುಖ್ಯವಾದ ಏಳೆಂಟು ಕಟ್ ಮಾತ್ರ ಹಿಟ್ಟಿಗೆ ಕೂಡಿಸಿ, ಅದೂ ಹಿಟ್ಟಿಗಿಂತ ಒಂದೆರಡು ಫ್ರೇಮ್ ಮುಂಚೆ.

ಘಟ್ಟದ_ಲೆನ್ಸ್ (ಶಿರಸಿ):

ಮೇಲಿನವರ ಲೆಕ್ಕ ಸರಿ ಇದ್ದು, ನಂದೆಂತ ತಕರಾರಿಲ್ಲೆ. ಆದರೆ 110 ಫ್ರೇಮ್ ನಿಲ್ಲಿಸಲು ಅಷ್ಟು ಹೊತ್ತು ನೋಡುವಂಥ ಶಾಟ್ ಇರಬೇಕಲ್ಲ ಮಾರಾಯ್ರೆ. ಗಿಂಬಲ್ (ಕ್ಯಾಮೆರಾ ಅಲುಗದ ಹಾಗೆ ಹಿಡಿಯುವ ಸಾಧನ) ಹಿಡಿದು ಓಡಾಡಿದ ಫುಟೇಜಿನಲ್ಲಿ ಅದು ಸಿಗುವುದಿಲ್ಲ. ಪ್ಯಾಚ್ ಶೂಟ್ ಮಾಡಿ.

ಸೇತುವೆಗೆ 135 ಎಂಎಂ ಅಥವಾ ಅದಕ್ಕಿಂತ ಉದ್ದದ್ದು, ಗಟ್ಟಿ ಟ್ರೈಪಾಡ್. ಉದ್ದ ಲೆನ್ಸಿನಲ್ಲಿ ಎದುರಿನಿಂದ ಬರುವ ಗಾಡಿ ಎಷ್ಟು ಓಡಿದರೂ ಹತ್ತಿರ ಬಂದ ಹಾಗೆ ಕಾಣುವುದಿಲ್ಲ, ಆ ಸಂಕಟವೇ ನಿಮಗೆ ಬೇಕಾದ್ದು. ವೇಗ ಬೇಕಾದಲ್ಲಿ ಉಲ್ಟಾ: 18 ಅಥವಾ 24 ಎಂಎಂ, ಕ್ಯಾಮೆರಾ ರಸ್ತೆಯಿಂದ ಒಂದು ಗೇಣು ಮೇಲೆ, ಗಾಡಿ ಪಕ್ಕದಲ್ಲೇ ದಾಟಿ ಹೋಗಬೇಕು. ಇವೆರಡನ್ನು ಬೆನ್ನಿಗೆ ಬೆನ್ನು ಕೂಡಿಸಿದರೆ ಜರ್ಕ್ ತಾನಾಗಿಯೇ ಬರುತ್ತದೆ, ರ್‍ಯಾಂಪ್ ಬೇಡ. ಎಲ್ಲದಕ್ಕೂ 35 ಎಂಎಂ ಹಾಕಿ ತೆಗೆದರೆ ಎರಡೂ ಸಿಗುವುದಿಲ್ಲ.

ಶಟರ್ ವಿಷಯದಲ್ಲಿ ಎಚ್ಚರ. ಹೊಡೆದಾಟ ಚೂಪಾಗಿ, ಕಟಕಟ ಅಂತ ಕಾಣಲಿ ಎಂದು ಕೆಲವರು ಶಟರನ್ನು 45 ಡಿಗ್ರಿಗೆ ಇಳಿಸುತ್ತಾರೆ, 24 ಫ್ರೇಮಿನ ವೇಗಕ್ಕೆ ಅದು ಪ್ರತಿ ಫ್ರೇಮಿಗೆ 1/192 ಸೆಕೆಂಡ್ ಬೆಳಕು. ಹಗಲು ಯಾಣದಲ್ಲಿ ಅಡ್ಡಿಲ್ಲೆ. ರಾತ್ರಿ ಬೀದಿದೀಪದ ಕೆಳಗೆ ಅದೇ ಸೆಟ್ಟಿಂಗ್ ಇಟ್ಟರೆ ಫ್ಲಿಕರ್, ಅಂದರೆ ದೀಪ ಮಿಣುಕಿದ ಹಾಗೆ ಕಾಣುತ್ತದೆ, ಯಾಕೆಂದರೆ ನಮ್ಮ ಕರೆಂಟು 50 ಹರ್ಟ್ಸ್. ಅಲ್ಲಿ 172.8 ಡಿಗ್ರಿ ಅಂದರೆ 1/50, ಇಲ್ಲಾ 86.4 ಡಿಗ್ರಿ ಅಂದರೆ 1/100. ಅಗ್ಗದ ಎಲ್‌ಇಡಿ ಇದ್ದರೆ ಅದೂ ಕೈಕೊಡಬಹುದು, ಹತ್ತು ಸೆಕೆಂಡ್ ಟೆಸ್ಟ್ ತೆಗೆದು ಝೂಮ್ ಮಾಡಿ ನೋಡಿ. ಫ್ಲಿಕರ್ ಆಮೇಲೆ ಬಣ್ಣ ತಿದ್ದುವ ಗ್ರೇಡಿಂಗಿನಲ್ಲಿ ಹೋಗುವುದಿಲ್ಲ.

ದೇವಿಮನೆ ಘಾಟಿಯಲ್ಲಿ ಬೇರೆ ತೊಂದರೆ. ತಿರುವು ಮುಗಿದ ಮೇಲೆ ಎಡದಿಂದ ಬಲಕ್ಕೆ ಓಡುತ್ತಿದ್ದ ಜೀಪು ಬಲದಿಂದ ಎಡಕ್ಕೆ ಓಡುತ್ತದೆ. ಟ್ರೈಲರಿನಲ್ಲಿ ತಿರುವು ಕತ್ತರಿಸಿ ಹೋಗಿರುತ್ತದೆ, ಹಾಗಾಗಿ ಬೆನ್ನಟ್ಟುವವನು ಎದುರಿಗೆ ಬರುತ್ತಿರುವ ಹಾಗೆ ಕಾಣುತ್ತದೆ. ಯಾರು ಯಾರ ಹಿಂದೆ ಅಂತ ತಿಳಿಯದಿದ್ದರೆ ಭಯ ಎಲ್ಲಿಂದ ಬರಬೇಕು? ಓಡುವ ಗಾಡಿಗೆ ಒಂದೇ ದಿಕ್ಕು ಇಟ್ಟುಕೊಳ್ಳಿ. ಬದಲಿಸಲೇಬೇಕು ಅಂದರೆ ನಡುವೆ ಬಂಪರಿನ ನೇರ ಎದುರಿನ ಶಾಟ್ ಒಂದು, 12–15 ಫ್ರೇಮ್. ಅದಕ್ಕೆ ಎಡಬಲ ಇಲ್ಲ.

ಯಾಣದಲ್ಲಿ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90. ಪೂರ್ತಿ ಬಂಡೆ ಫ್ರೇಮಿನಲ್ಲಿ ಹಿಡಿಸಲು ಹಿಂದೆ ಹಿಂದೆ ಹೋದರೆ ಪ್ರವಾಸೋದ್ಯಮದ ಜಾಹೀರಾತು ಆಗುತ್ತದೆ. ಕ್ಯಾಮೆರಾ ನೆಲಕ್ಕಿಟ್ಟು, ಮನುಷ್ಯನನ್ನು ಕೆಳಗೆ ಸಣ್ಣಗೆ ಇಟ್ಟು, ಬಂಡೆಯ ತುದಿ ಫ್ರೇಮಿನಿಂದ ಹೊರಗೇ ಇರಲಿ. ಕಾಣದ ತುದಿಯೇ ಎತ್ತರ.

ಖಳನನ್ನು ತೋರಿಸುವುದಕ್ಕೆ ನಮ್ಮ ಯಕ್ಷಗಾನದ ಬಣ್ಣದ ವೇಷಕ್ಕಿಂತ (ರಾಕ್ಷಸ ಪಾತ್ರ) ಒಳ್ಳೆ ಪಾಠ ಇಲ್ಲ. ತೆರೆ ಹಿಡಿದಿರುತ್ತಾರೆ, ಹಿಂದಿನಿಂದ ಆರ್ಭಟ ಕೇಳುತ್ತದೆ, ಕಿರೀಟದ ತುದಿ ಕಾಣುತ್ತದೆ, ಕಾಲು ಕಾಣುತ್ತದೆ, ಮುಖ ಇಲ್ಲ. ಚಂಡೆ ಏರಿ ಏರಿ ಕಡೆಗೆ ತೆರೆ ಸರಿಯುತ್ತದೆ. ನಿಮ್ಮ ಖಳನ ಮುಖ ಎಷ್ಟನೇ ಸೆಕೆಂಡಿಗೆ ಬರುತ್ತದೆ? ಹತ್ತರೊಳಗೆ ಬಂದರೆ ತೆರೆ ಹಿಡಿಯುವ ಮೊದಲೇ ವೇಷ ರಂಗಕ್ಕೆ ಬಂದ ಹಾಗೆ. ಕೈ, ಬೆನ್ನು, ಚಪ್ಪಲಿ, ಕನ್ನಡಿಯಲ್ಲಿ ಅರ್ಧ. 80ನೇ ಸೆಕೆಂಡ್ ದಾಟಿದ ಮೇಲೆ ಮುಖ.

ಪ್ಯಾಚ್ ಶೂಟಿಗೆ ಇನ್ನಷ್ಟು. ಹಳೆ ಸೇತುವೆ ಇದ್ದಾಗಿನ ಸ್ಟಾಕ್ ಡ್ರೋನ್ ಶಾಟ್ ಯಾವುದಾದರೂ ಸೇರಿಸಿದ್ದರೆ ತೆಗೆಯಿರಿ, ಈಗಿನ ಫುಟೇಜಿಗೆ ಅದು ಕೂಡುವುದಿಲ್ಲ, ಕಾರವಾರದವರು ಮೊದಲ ನೋಟಕ್ಕೇ ಹಿಡಿಯುತ್ತಾರೆ. ಡ್ರೋನ್ ಎತ್ತುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಾರಾಟದ ವಲಯ ನೋಡಿ. ನೌಕಾನೆಲೆ ಇರುವ ಅರ್ಗಾ ಕಡೆ ಆ ಯೋಚನೆಯೇ ಬೇಡ. ಬೋಟುಗಳು ಸಾಲಾಗಿ ಕಡಲಿಗೆ ಹೊರಡುವ ಶಾಟ್ ಬೇಕಿದ್ದರೆ ಜೂನ್ 1ರಿಂದ ಜುಲೈ 31ರವರೆಗೆ ಸಿಗುವುದಿಲ್ಲ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮತ್ತೆ ಎಸಿ ಕಾರಿನಿಂದ ತೆಗೆದ ಕ್ಯಾಮೆರಾ ಕಡಲ ತಡಿಯ ಸೆಖೆಗೆ ಕೂಡಲೇ ಮಂಜು ಹಿಡಿಯುತ್ತದೆ. ಅರ್ಧ ಗಂಟೆ ಮೊದಲೇ ಚೀಲದ ಸಮೇತ ಹೊರಗಿಡಿ. ಒರೆಸಿ ಪ್ರಯೋಜನ ಇಲ್ಲ, ಮತ್ತೆ ಬರುತ್ತದೆ.

ಸದ್ದು_ಸುಮ್ಮನೆ:

ಇಬ್ಬರೂ ಚಿತ್ರದ ಬಗ್ಗೆಯೇ ಹೇಳಿದರು. ಆ ಸೇತುವೆಯ ಹದಿಮೂರು ಸೆಕೆಂಡ್ ನಿಲ್ಲುವುದು ಗಾಳಿ ಮತ್ತು ಹಾರ್ನಿನ ಮೇಲೆ.

ಮೊದಲು ಕಟ್ಟಿಗೊಂದು ಇರುವ ವೂಶ್‌ಗಳನ್ನೆಲ್ಲ ಆಫ್ ಮಾಡಿ ಒಂದು ಸಲ ನೋಡಿ. ಎಲ್ಲಿ ನಿಜವಾಗಿ ಕೊರತೆ ಅನ್ನಿಸಿತೋ ಅಲ್ಲಿ ಮಾತ್ರ ವಾಪಸ್ ಹಾಕಿ, ಹತ್ತಕ್ಕಿಂತ ಜಾಸ್ತಿ ಬರಲಾರದು. ವೂಶ್ ಉಪ್ಪಿನಕಾಯಿ, ಅನ್ನ ಅಲ್ಲ.

ರೈಸರನ್ನು, ಅಂದರೆ ಹಿಟ್ಟಿಗೆ ಮುಂಚೆ ಏರುತ್ತಾ ಹೋಗುವ ಸದ್ದನ್ನು, ಹಿಟ್ಟಿನವರೆಗೂ ಎಳೆಯಬೇಡಿ. ಹಿಟ್ಟಿಗೆ 6ರಿಂದ 10 ಫ್ರೇಮ್ ಮುಂಚೆಯೇ ಕತ್ತರಿಸಿ, ಆ ಸಂದಿಯಲ್ಲಿ ಏನಾದರೂ ಸಣ್ಣ ಸದ್ದು ಇರಲಿ: ಉಸಿರು, ಬೀಗದ ಕ್ಲಿಕ್, ಸರಪಳಿ. ಪೂರ್ತಿ ಶೂನ್ಯ ಇಟ್ಟರೆ ಫೋನಿನಲ್ಲಿ ನೋಡುವವನಿಗೆ ಆಡಿಯೋ ಕಟ್ಟಾಯಿತು ಅನ್ನಿಸುತ್ತದೆ. ಟೈಟಲಿಗೆ ಮುಂಚಿನ ಎರಡು ಸೆಕೆಂಡ್ ಕಪ್ಪಿಗೂ ಇದೇ ಮಾತು, ಸಣ್ಣಗೆ ಗಾಳಿ ಬಿಡಿ.

ರೈಸರನ್ನು ಲೈಬ್ರರಿಯಿಂದ ತರುವ ಬದಲು ಟಾಗೋರ್ ಕಡಲತೀರಕ್ಕೆ ಹೋಗಿ ಅಲೆ ರೆಕಾರ್ಡ್ ಮಾಡಿ. ಅಲೆ ಒಡೆದು ಹಿಂದೆ ಸರಿಯುವ ಸದ್ದನ್ನು ರಿವರ್ಸ್ ಮಾಡಿದರೆ ನಾಲ್ಕೈದು ಸೆಕೆಂಡಿನ ಏರಿಕೆ ತಯಾರು, ಅದೂ ಬೇರೆ ಯಾರ ಟ್ರೈಲರಿನಲ್ಲೂ ಇಲ್ಲದ್ದು. ಮೈಕಿಗೆ ಫರ್ ಕವರ್ ಕಡ್ಡಾಯ, ಇಲ್ಲವಾದರೆ ಬರುವುದು ಗಾಳಿಯ ಗುಡುಗುಡು ಮಾತ್ರ. ಕಡಲ ಹತ್ತಿರ ತೆಗೆದ ಡೈಲಾಗಿಗೆ ಡಬ್ಬಿಂಗ್ ಮಾಡಿಸಿ. ಅಲೆಯ ಸದ್ದು ಎಲ್ಲ ಫ್ರೀಕ್ವೆನ್ಸಿಯಲ್ಲೂ ಹರಡಿರುತ್ತದೆ, ಫಿಲ್ಟರ್ ಹಾಕಿದರೆ ಮಾತೂ ಹೋಗುತ್ತದೆ.

ನಿಮ್ಮ ಹಿಟ್‌ಗಳು ಹೆಚ್ಚಾಗಿ 40–60 ಹರ್ಟ್ಸ್‌ನಲ್ಲಿ ಇರುತ್ತವೆ. ಸ್ಟುಡಿಯೋದಲ್ಲಿ ಎದೆಗೆ ಗುದ್ದುತ್ತದೆ, ಫೋನ್ ಸ್ಪೀಕರಿಗೆ ಆ ಭಾಗ ಬರುವುದೇ ಇಲ್ಲ. ಅದೇ ಹಿಟ್ಟಿನ ಒಂದು ಕಾಪಿಗೆ ಸ್ಯಾಚುರೇಶನ್ ಕೊಟ್ಟು ಸ್ವಲ್ಪ ಒರಟಾಗಿಸಿ, 200–400 ಹರ್ಟ್ಸ್ ಎತ್ತಿ ಮೇಲೆ ಕೂಡಿಸಿ. ಅಥವಾ ಚಂಡೆಯ ಒಂದೇ ಪೆಟ್ಟು ಸೇರಿಸಿ, ಅದು ಯಾವ ಸ್ಪೀಕರಿನಲ್ಲೂ ಸೀಳಿಕೊಂಡು ಬರುತ್ತದೆ. ಕಲಾವಿದರನ್ನು ಕರೆಸಿ ರೆಕಾರ್ಡ್ ಮಾಡಿ, ಸಂಭಾವನೆ ಕೊಟ್ಟು ಒಪ್ಪಿಗೆ ಬರೆಸಿಕೊಳ್ಳಿ. ಯಾವುದೋ ಮೇಳದ ಆಟದ ವೀಡಿಯೋದಿಂದ ಎತ್ತಬೇಡಿ, ಪದ ಹಳೆಯದಾದರೂ ರೆಕಾರ್ಡಿಂಗಿನ ಹಕ್ಕು ಬೇರೆಯವರದ್ದು.

ಲೆವೆಲ್: ಯೂಟ್ಯೂಬ್ ಸದ್ದಿನ ಸರಾಸರಿ ಜೋರು ಅಳೆಯುತ್ತದೆ, ಸುಮಾರು -14 ಎಲ್‌ಯುಎಫ್‌ಎಸ್‌ಗಿಂತ ಜೋರಾಗಿದ್ದರೆ ಇಡೀ ಟ್ರೈಲರನ್ನೇ ತಗ್ಗಿಸುತ್ತದೆ. ಮೊದಲಿಂದ ಕೊನೆಯವರೆಗೆ ಸದ್ದಿನ ತುದಿ ಒತ್ತಿ ಹಿಡಿಯುವ ಲಿಮಿಟರಿಗೆ ತಲೆ ಕೊಟ್ಟ ಮಿಕ್ಸ್ ಹೀಗೆ ತಗ್ಗಿದಾಗ ಚಪ್ಪಟೆಯಾಗಿ ಕೇಳುತ್ತದೆ. ಆರಂಭವನ್ನು ಕೊನೆಯ ಏರಿಕೆಗಿಂತ 8–10 ಡಿಬಿ ಕೆಳಗೆ ಇಡಿ, ಪೀಕ್ -1. ಥಿಯೇಟರಿಗೆ ಬೇರೆಯೇ ಮಿಕ್ಸ್ ಬೇಕು, ಅಲ್ಲಿ ಟ್ರೈಲರಿಗೆ ಪಾಲಿಸುವ ಜೋರಿನ ಮಿತಿ 85 ಎಲ್‌ಇಕ್ಯೂ(ಎಂ). ಥಿಯೇಟರಿನಲ್ಲಿ ಹಾಕಲು ಟ್ರೈಲರಿಗೂ ಸೆನ್ಸಾರ್ ಪ್ರಮಾಣಪತ್ರ ಬೇಕು, ಅದಕ್ಕೆ ದಿನ ಇಟ್ಟುಕೊಳ್ಳಿ.

ಕೋಡಿಬಾಗ_ಕಟ್:

ಮೂವರಿಗೂ ಧನ್ಯವಾದ. ಖಳನ ಮುಖ 6ನೇ ಸೆಕೆಂಡಿಗೇ ಇದೆ, ನಾಚಿಕೆ ಆಯಿತು. ಒಂದೇ ಅನುಮಾನ: ಮೊದಲ 25 ಸೆಕೆಂಡಿಗೆ ಒಂಬತ್ತೇ ಶಾಟ್ ಅಂದರೆ ಯೂಟ್ಯೂಬಿನಲ್ಲಿ ಜನ ಐದನೇ ಸೆಕೆಂಡಿಗೇ ಬಿಟ್ಟು ಹೋಗುವುದಿಲ್ಲವೇ? ನಿರ್ಮಾಪಕರ ಭಯ ಅದೇ.

ಬ್ಲ್ಯಾಕ್_ಫ್ರೇಮ್:

ಹೋಗುತ್ತಾರೆ, ಮೊದಲ ಶಾಟ್ ಸೂರ್ಯಾಸ್ತ ಆಗಿದ್ದರೆ. ಅದಕ್ಕೇ ಸೇತುವೆಯನ್ನು ಮೊದಲಿಗೇ ಇಡಿ ಅನ್ನುವುದು. ಮೊದಲ ಫ್ರೇಮಿನಿಂದಲೇ ದೀಪ ಬರುತ್ತಿದೆ, ಏನಾಯಿತು ಅಂತ ನೋಡದೆ ಎದ್ದು ಹೋಗುವುದು ಕಷ್ಟ. ನಿಧಾನ ಅಂದರೆ ಏನೂ ಆಗದಿರುವುದು ಅಂತ ನಿರ್ಮಾಪಕರು ತಿಳಿದಿದ್ದರೆ ಆ ಹದಿಮೂರು ಸೆಕೆಂಡ್ ಮಾತ್ರ ಕಟ್ ಮಾಡಿ ತೋರಿಸಿ. ಮೊದಲಿಗೆ ಐದು ಸೆಕೆಂಡಿನ ಹೊಡೆದಾಟದ ತುಣುಕು ಅಂಟಿಸುವ ರೂಢಿ ಇದೆ, ಬೇಕಾದರೆ ಸಾಮಾಜಿಕ ಜಾಲತಾಣದ ಆವೃತ್ತಿಗೆ ಪ್ರತ್ಯೇಕ ಮಾಡಿ. ಮೂಲ ಕಟ್ಟಿಗೆ ಬೇಡ.

ಡಿಕ್ಕಿ, ಬ್ಲಾಸ್ಟ್, ಬಿದ್ದವನು ಏಳುವುದು, ಇವು ಯಾವುವೂ ಟ್ರೈಲರಿನಲ್ಲಿ ಪೂರ್ತಿ ಆಗಬಾರದು. ಎತ್ತಿದ ಕೈ ಕೆಳಗೆ ಬರುವ ನಾಲ್ಕು ಫ್ರೇಮ್ ಮುಂಚೆ ಬೇರೆ ಶಾಟಿಗೆ ಹಾರಿ. ಈಗ ನಿಮ್ಮ ಟೈಮ್‌ಲೈನಿನಲ್ಲಿ ಎಷ್ಟು ಏಟು ಪೂರ್ತಿ ಬಿದ್ದಿವೆ ಎಣಿಸಿ ನೋಡಿ.

ಘಟ್ಟದ_ಲೆನ್ಸ್ (ಶಿರಸಿ):

ಟೈಟಲ್ ಬಗ್ಗೆ ಒಂದು ಬಿಟ್ಟು ಹೋಗಿತ್ತು. ಕನ್ನಡದ ಒತ್ತಕ್ಷರ ತೆಳು ಫಾಂಟಿನಲ್ಲಿ ಫೋನಿನ ಮೇಲೆ ಕರಗಿಹೋಗುತ್ತದೆ, ಅದರಲ್ಲೂ ಕಪ್ಪಿನ ಮೇಲೆ ಹೊಗೆ, ಕಿಡಿ ಎಫೆಕ್ಟ್ ಹಾಕಿದ್ದರೆ. ದಪ್ಪ ಅಕ್ಷರ ಹಾಕಿ, ಒತ್ತಿನ ಕೆಳಗೆ ಜಾಗ ಬಿಡಿ. ಬಿಡುಗಡೆಯ ದಿನಾಂಕದ ಕಾರ್ಡ್ ಕನಿಷ್ಠ 72 ಫ್ರೇಮ್ ನಿಲ್ಲಲಿ, ಬಾಯಿಬಿಟ್ಟು ಎರಡು ಸಲ ಓದುವಷ್ಟು.