ಮೂರು ಮತದಲ್ಲಿ ಸೋತಿದ್ದೇವೆ, ಕೋರ್ಟಿಗೆ ಹೋಗಬಹುದಾ ಸರ್?

ಪ್ರಶ್ನೆ (ಚನ್ನಗಿರಿ ತಾಲೂಕಿನಿಂದ):
ವಕೀಲ ಸರ್‌ಗೆ ನಮಸ್ಕಾರ. ನಮ್ಮ ಗ್ರಾಮ ಪಂಚಾಯಿತಿಯ ಒಂದು ಮಹಿಳಾ ಸ್ಥಾನಕ್ಕೆ ಉಪಚುನಾವಣೆ ಆಯ್ತು. ನಮ್ಮ ಅತ್ತಿಗೆ ನಿಂತಿದ್ದರು, ಹೊಲಿಗೆ ಯಂತ್ರದ ಗುರುತು. 3 ಮತದಲ್ಲಿ ಸೋತರು. ಕುಲಗೆಟ್ಟ ಮತ ಅಂತ 19 ಚೀಟಿ ಬದಿಗಿಟ್ಟರು. ಅದರಲ್ಲಿ ಏಳೆಂಟು ಅತ್ತಿಗೆಯವೇ ಅಂತ ನನ್ನ ತಮ್ಮ ಹೇಳುತ್ತಾನೆ, ಅವನೇ ಎಣಿಕೆ ಏಜೆಂಟ್. ಮುದ್ರೆ ಸರಿಯಾಗಿ ಹೊಲಿಗೆ ಯಂತ್ರದ ಮೇಲೇ ಬಿದ್ದಿತ್ತಂತೆ. ಚೀಟಿ ಮಡಚಿದಾಗ ಹಸಿ ಇಂಕು ಎದುರು ಬದಿಗೂ ಹತ್ತಿಕೊಂಡು, ಎರಡು ಕಡೆ ಒತ್ತಿದ ಹಾಗೆ ಕಾಣುತ್ತಿತ್ತು. ಮರು ಎಣಿಕೆ ಮಾಡಿ ಅಂತ ಬಾಯಲ್ಲಿ ಕೇಳಿದ, ಆಮೇಲೆ ನೋಡೋಣ ಅಂದರು. ಅಷ್ಟರಲ್ಲಿ ಫಲಿತಾಂಶ ಘೋಷಣೆ ಆಗಿಹೋಯ್ತು. ಹಿಂದಿನ ರಾತ್ರಿ ಎದುರಿನವರ ಕಡೆಯಿಂದ ಸೀರೆ ಹಂಚಿದ್ದೂ ಊರಿಗೆಲ್ಲ ಗೊತ್ತು. ಮನವಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದು 12 ದಿನ ಆಯ್ತು. ಅಡಿಕೆ ಕೊಯ್ಲು ಬೇರೆ ನಿಂತಿದೆ. ಮುಂದೇನು ಮಾಡೋಣ?

ಉತ್ತರ (ವಕೀಲರು, ದಾವಣಗೆರೆ):
ಮೊದಲು ಅಲೆಯೋದು ನಿಲ್ಲಿಸಿ. ಘೋಷಣೆ ಆದ ಮೇಲೆ ಫಲಿತಾಂಶ ಬದಲಿಸುವ ಅಧಿಕಾರ ಯಾವ ಕಚೇರಿಗೂ ಇಲ್ಲ, ಚುನಾವಣಾಧಿಕಾರಿಗೂ ಇಲ್ಲ. ಕೋರ್ಟಿಗೆ ಮಾತ್ರ ಇದೆ. ಪಂಚಾಯತ್ ರಾಜ್ ಕಾಯ್ದೆ 1993ರ 15ನೇ ಕಲಂ ಪ್ರಕಾರ, ಘೋಷಣೆಯಾದ ದಿನದಿಂದ 30 ದಿನದೊಳಗೆ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಅಭ್ಯರ್ಥಿ ಹಾಕಬಹುದು, ಆ ಕ್ಷೇತ್ರದ ಮತದಾರರೂ ಹಾಕಬಹುದು. ನಿಮ್ಮ ಕೈಯಲ್ಲಿ ಉಳಿದಿರೋದು 18 ದಿನ. ಬೇರೆ ದಾವೆಗಳಲ್ಲಿ ತಡವಾದರೆ ಕಾರಣ ಹೇಳಿ ಮನ್ನಿಸಿ ಅಂತ ಕೇಳಿಕೊಳ್ಳಬಹುದು. ಚುನಾವಣಾ ತಕರಾರಿನಲ್ಲಿ ಆ ದಾರಿ ನಂಬಬೇಡಿ. ಒಳ್ಳೆಯ ಕೇಸು ದಿನ ಮೀರಿ ಸತ್ತಿದ್ದನ್ನು ನೋಡಿದ್ದೇನೆ. ಅದರಷ್ಟು ಹೊಟ್ಟೆ ಉರಿಯುವ ಸಂಗತಿ ನನ್ನ ವೃತ್ತಿಯಲ್ಲಿ ಬೇರೆ ಇಲ್ಲ.

ಈಗ ಆ 19 ಚೀಟಿ. ನಿಮ್ಮ ಕೇಸಿನ ಜೀವ ಇರೋದು ಅಲ್ಲೇ. ಮತವನ್ನು ತಪ್ಪಾಗಿ ತಿರಸ್ಕರಿಸಿದ್ದಾರೆ, ಅದರಿಂದ ಫಲಿತಾಂಶವೇ ಬದಲಾಗಿದೆ, ಈ ಎರಡನ್ನೂ ತೋರಿಸಬೇಕು. ಅಂತರ 3, ತಿರಸ್ಕೃತ 19. ಲೆಕ್ಕ ನಿಮ್ಮ ಕಡೆ ಇದೆ. ಅದೇ 90 ಮತದಲ್ಲಿ ಸೋತಿದ್ದರೆ, ಹತ್ತೊಂಬತ್ತೂ ಅತ್ತಿಗೆಗೇ ಬಂದರೂ ಏನೂ ಆಗುತ್ತಿರಲಿಲ್ಲ. ಮಡಚಿದಾಗ ಹತ್ತಿದ ಇಂಕನ್ನು ಒತ್ತಿದ ಮುದ್ರೆಯಿಂದ ಬೇರೆ ಮಾಡಿ ಗುರುತಿಸಬಹುದು. ಹತ್ತಿದ್ದು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ, ಮಸುಕಾಗಿ ಇರುತ್ತದೆ. ಮಡಿಕೆಯ ಗೆರೆಯಿಂದ ಎರಡೂ ಒಂದೇ ದೂರದಲ್ಲಿರುತ್ತವೆ. ಮತದಾರರ ಮನಸ್ಸು ಸ್ಪಷ್ಟವಾಗಿದ್ದರೆ ಆ ಮತ ನಿಲ್ಲಬೇಕು.

ಆದರೆ ಚೀಟಿಗಳ ಕಟ್ಟು ಮೊಹರಾಗಿದೆ. ಅನುಮಾನ ಇದೆ, ಬಿಚ್ಚಿ ನೋಡಿ ಅಂದರೆ ಯಾವ ನ್ಯಾಯಾಧೀಶರೂ ಬಿಚ್ಚಿಸುವುದಿಲ್ಲ. ಗುಟ್ಟಿನ ಮತದಾನ ಕಾಪಾಡಬೇಕಲ್ವಾ? ಏನು ತಪ್ಪಾಯಿತು ಅನ್ನೋದು ಅರ್ಜಿಯಲ್ಲೇ ಖಚಿತವಾಗಿ ಇರಬೇಕು ಅಂತ ಸುಪ್ರೀಂ ಕೋರ್ಟ್ 1964ರಲ್ಲೇ ಹೇಳಿದೆ. ಹಾಗಾಗಿ ಯಾವ ಟೇಬಲ್, ಎಷ್ಟು ಚೀಟಿ, ತಮ್ಮ ಏನು ನೋಡಿದ, ಯಾರ ಮುಂದೆ ಆಕ್ಷೇಪ ಹೇಳಿದ, ಎಲ್ಲಾ ಬರೆಯಬೇಕು. ಮರು ಎಣಿಕೆಯನ್ನು ಅವತ್ತೇ ಬರಹದಲ್ಲಿ ಕೇಳಿ ಸಹಿ ಹಾಕಿಸಿಕೊಂಡಿದ್ದರೆ ಕೈಗೆ ಬಲ ಬರುತ್ತಿತ್ತು. ಏಜೆಂಟರಾಗಿ ಕೂರುವ ಹುಡುಗರೆಲ್ಲ ಇದನ್ನು ನೆನಪಿಡಿ, ಕಿಸೆಯಲ್ಲಿ ಎರಡು ಬಿಳಿ ಹಾಳೆ ಇರಲಿ.

ಸೀರೆ ವಿಷಯ ಬೇರೆ. ಅದು ಭ್ರಷ್ಟ ಆಚರಣೆಯ ಆರೋಪ, ಕ್ರಿಮಿನಲ್ ಕೇಸಿನಷ್ಟೇ ಬಿಗಿಯಾದ ಸಾಕ್ಷಿ ಕೇಳುತ್ತಾರೆ. ಯಾರು ಕೊಟ್ಟರು, ಯಾರಿಗೆ, ಯಾವ ಮನೆಯಲ್ಲಿ, ಅಭ್ಯರ್ಥಿಯ ಒಪ್ಪಿಗೆ ಇತ್ತಾ? ತೆಗೆದುಕೊಂಡವರೇ ಬಂದು ಹೇಳಬೇಕು, ತೆಗೆದುಕೊಳ್ಳುವುದೂ ಅಪರಾಧ. ಊರಿಗೆಲ್ಲ ಗೊತ್ತು ಅನ್ನೋದು ಸಾಕ್ಷಿ ಆಗುವುದಿಲ್ಲ. ಹೆಸರು ಹೇಳಿ ನಿಲ್ಲುವವರು ಇಬ್ಬರಾದರೂ ಇಲ್ಲದಿದ್ದರೆ ಅದನ್ನು ಅರ್ಜಿಗೆ ಸೇರಿಸಬೇಡಿ. ಗಟ್ಟಿ ಕೇಸನ್ನೂ ಅದು ಸಡಿಲ ಮಾಡುತ್ತದೆ.

ಪ್ರಶ್ನೆ (ಹೊನ್ನಾಳಿಯಿಂದ ಒಬ್ಬರು):
ಸರ್, ಪೊಲೀಸ್ ಕಂಪ್ಲೇಂಟ್ ಕೊಟ್ಟರೆ ಸಾಕಲ್ವಾ? ಇಲ್ಲಾಂದ್ರೆ ನೇರವಾಗಿ ಹೈಕೋರ್ಟಿಗೆ ಹೋದರೆ? ಚಂಡೀಗಢದ ಮೇಯರ್ ಚುನಾವಣೆಯ ಫಲಿತಾಂಶವನ್ನು ಸುಪ್ರೀಂ ಕೋರ್ಟ್ ಮೂರೇ ವಾರದಲ್ಲಿ ತಿರುಗಿಸಿತಲ್ಲ.

ಉತ್ತರ:
ಪೊಲೀಸ್ ಕೇಸು ಹಂಚಿದವರಿಗೆ ಶಿಕ್ಷೆ ಕೊಡಿಸಬಹುದು. ಸದಸ್ಯತ್ವ ಅದರಿಂದ ರದ್ದಾಗುವುದಿಲ್ಲ.

ಚಂಡೀಗಢದಲ್ಲಿ 2024ರ ಜನವರಿ 30ರಂದು ಚುನಾವಣೆ ನಡೆಸಿದ ಅಧಿಕಾರಿಯೇ 8 ಮತಪತ್ರ ಕೆಡಿಸಿದ್ದು ಕ್ಯಾಮೆರಾ ಮುಂದೆಯೇ ನಡೆದಿತ್ತು. ಅಂಥ ಸಾಕ್ಷಿ ಸಿಗೋದು ಅಪರೂಪ. ಪಂಚಾಯಿತಿ ಚುನಾವಣೆ ಪ್ರಶ್ನಿಸುವುದು ತಕರಾರು ಅರ್ಜಿಯ ಮೂಲಕವೇ ಅಂತ ಸಂವಿಧಾನದ 243-ಓ ವಿಧಿಯೇ ಹೇಳುತ್ತದೆ. ಶುರು ನಿಮ್ಮ ತಾಲೂಕಿನ ಸಿವಿಲ್ ಕೋರ್ಟಿನಲ್ಲೇ. ಅಲ್ಲಿಯ ಆದೇಶ ಸರಿ ಇಲ್ಲ ಅನ್ನಿಸಿದರೆ ಆಮೇಲೆ ಹೈಕೋರ್ಟ್, ಅದೂ ಬೆಂಗಳೂರಿಗೆ. ಧಾರವಾಡ ಹತ್ತಿರ ಇದ್ದರೂ ನಮ್ಮ ಜಿಲ್ಲೆ ಆ ಪೀಠಕ್ಕೆ ಸೇರಿಲ್ಲ.

ನೆನಪಿಡಬೇಕಾದ್ದು ಹರಿಯಾಣದ ಪಾಣಿಪತ್ ಜಿಲ್ಲೆಯ ಬುವಾನಾ ಲಾಖು ಅನ್ನೋ ಹಳ್ಳಿ. 2022ರ ನವೆಂಬರ್‌ನಲ್ಲಿ ಸರಪಂಚ, ಅಂದರೆ ಪಂಚಾಯಿತಿ ಮುಖ್ಯಸ್ಥರ, ಚುನಾವಣೆ ಆಗಿತ್ತು. ಸೋತವರು ಬಿಡಲಿಲ್ಲ. ಕೊನೆಗೆ 2025ರಲ್ಲಿ ಸುಪ್ರೀಂ ಕೋರ್ಟ್ ಮತಯಂತ್ರಗಳನ್ನೇ ತರಿಸಿ ತನ್ನಲ್ಲೇ ಎಣಿಸಿತು. ಸೋತಿದ್ದವರಿಗೆ 1,051, ಗೆದ್ದಿದ್ದವರಿಗೆ 1,000. ಒಂದು ಹಳ್ಳಿಯ ಮತಕ್ಕೆ ದೇಶದ ದೊಡ್ಡ ಕೋರ್ಟು ಅಷ್ಟು ಬೆಲೆ ಕೊಟ್ಟಿತು. ಆದರೆ ಹತ್ತಿರ ಹತ್ತಿರ ಮೂರು ವರ್ಷ ಹಿಡಿಯಿತು. ಅಲ್ಲಿವರೆಗೆ ಕುರ್ಚಿಯಲ್ಲಿ ಕೂತವರು ಕೂತೇ ಇರುತ್ತಾರೆ. ಅತ್ತಿಗೆಗೆ ಇದನ್ನೂ ಹೇಳಿ. ಓಡಾಡೋದು ಅವರು, ಅವರ ಮನಸ್ಸು ಗಟ್ಟಿ ಇರಬೇಕು.

ಪ್ರಶ್ನೆ ಕೇಳಿದವರು:
ಅತ್ತಿಗೆ ರೆಡಿ ಇದ್ದಾರೆ ಸರ್. ಸೋಮವಾರ ಕರೆದುಕೊಂಡು ಬರ್ತೀನಿ. ಏನೇನು ತರಬೇಕು?

ಉತ್ತರ:
ಫಲಿತಾಂಶ ಪಟ್ಟಿಯ ದೃಢೀಕೃತ ಪ್ರತಿಗೆ ಇವತ್ತೇ ಅರ್ಜಿ ಕೊಡಿ. ಮತದಾರರ ಪಟ್ಟಿ, ತಮ್ಮನ ಏಜೆಂಟ್ ಪಾಸು ತನ್ನಿ. ಕಣದಲ್ಲಿದ್ದ ಎಲ್ಲಾ ಅಭ್ಯರ್ಥಿಗಳ ಹೆಸರು, ವಿಳಾಸ ಬೇಕು. ಅತ್ತಿಗೆಯೇ ಗೆದ್ದಿದ್ದಾರೆ ಅಂತ ಘೋಷಿಸಿ ಅಂತ ಕೇಳುವುದಾದರೆ ಅವರೆಲ್ಲರನ್ನೂ ಅರ್ಜಿಯಲ್ಲಿ ಪಾರ್ಟಿ (ಪ್ರತಿವಾದಿ) ಮಾಡಬೇಕು, ಒಬ್ಬರನ್ನು ಬಿಟ್ಟರೂ ಎದುರಿನ ವಕೀಲರು ಅಲ್ಲೇ ಹಿಡಿಯುತ್ತಾರೆ. ಮತಪತ್ರದ ಕಟ್ಟುಗಳನ್ನು ಕಾಪಾಡಿ ಇಡಿ ಅಂತ ಮೊದಲ ದಿನವೇ ಕೋರ್ಟನ್ನು ಕೇಳೋಣ.

ಎಣಿಕೆ ದಿನ ತಮ್ಮ ಏನಾದರೂ ಗೀಚಿಕೊಂಡಿದ್ದನಾ?

ಪ್ರಶ್ನೆ ಕೇಳಿದವರು:
ಅಡಿಕೆ ಮಂಡಿಯ ಬಿಲ್ಲಿನ ಹಿಂದೆ ಪೆನ್ಸಿಲ್‌ನಲ್ಲಿ ಗೀಟು ಹಾಕಿಕೊಂಡಿದ್ದಾನೆ ಸರ್. ಯಾವುದು ಕುಲಗೆಟ್ಟದ್ದು, ಎಷ್ಟು ಹೊತ್ತಿಗೆ ಅಂತ. ಸರಿಯಾಗಿ ಕಾಣಲ್ಲ, ಬೇರೆ ಹಾಳೆಗೆ ಚೆನ್ನಾಗಿ ಬರೆಸಿ ತರಲಾ?

ಉತ್ತರ:
ಬೇಡ. ಒಂದು ಅಕ್ಷರವನ್ನೂ ತಿದ್ದಬೇಡಿ. ಆ ಬಿಲ್ಲನ್ನೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಹಾಗೇ ತನ್ನಿ. ತಮ್ಮನೂ ಜೊತೆಗೆ ಬರಲಿ.